ಫೋರಮನ್ನನ ವರ್ಗಾವಣೆ

ಬೆಕ್ಕಿಗೆ ಊರು ಬಿಡಿಸುವುದರಲ್ಲಿ ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಅಯ್ಯಮ್ಮನನ್ನು ಮೀರಿಸಿದವರಿರಲಿಲ್ಲ. ಯಾರ ಮನೆಯ ಹಾಲಿಗೆ ಯಾವ ಕಳ್ಳಬೆಕ್ಕು ಬಾಯಿ ಹಾಕಿದರೂ ದೂರು ಆಕೆಯ ಹತ್ತಿರವೇ ಬರುತ್ತಿತ್ತು. ಕೊಲ್ಲುವ ಹಾಗಿಲ್ಲ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಒಯ್ದು ಕೊಡಬೇಕು. ಹಗಲೂ ರಾತ್ರಿ ಬಂಗಾರ ಅಗೆಯುವ ಊರೇನೋ ಹೌದು, ಆದರೆ ಅಗೆಯುವವರ ಮನೆಯಲ್ಲಿ ಬೆಕ್ಕಿನ ಒಂದು ಮೀಸೆಗಾಗುವಷ್ಟೂ ಬಂಗಾರ ಇರಲಿಲ್ಲ.

ಹೀಗಾಗಿ ಬಿಟ್ಟು ಬರುವುದೊಂದೇ ದಾರಿ. ಅದಕ್ಕೊಂದು ಪದ್ಧತಿಯಿತ್ತು. ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಹಳ್ಳವೋ ಕಾಲುವೆಯೋ, ಯಾವುದಾದರೂ ನೀರು ದಾಟಬೇಕು. ದಾಟಿದ ಮೇಲೆ ಚೀಲವನ್ನು ಗಿರಗಿರನೆ ತಿರುಗಿಸಿ ಅದರ ದಿಕ್ಕು ತಪ್ಪಿಸಬೇಕು. ಕಡೆಗೆ ಚೀಲದ ಬಾಯಿ ಬಿಚ್ಚಿ, ಹಿಂದಿರುಗಿ ನೋಡದೆ ಬಂದುಬಿಡಬೇಕು. ಅಯ್ಯಮ್ಮ ಬಿಟ್ಟುಬಂದ ಬೆಕ್ಕು ಮರಳಿ ಬಂದದ್ದನ್ನು ಕಂಡವರಿಲ್ಲ.

ಸೊಸೆ ಯಶೋಧರಾಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮನೆ ಬದಲಿಸುವ ದಿನ ತಮ್ಮ ಸ್ವಂತ ಬೆಕ್ಕನ್ನು ಚೀಲದಲ್ಲಿ ಹಾಕಿ ಅತ್ತೆಯ ಕೈಗೆ ಕೊಟ್ಟಳು.

ಅವಳನ್ನಾದರೂ ಏನೆನ್ನುವುದು? ಶಾಲೆಯ ಟೀಚರು. ಸಿಂಧನೂರಿಗೆ ವರ್ಗವಾಗಿತ್ತು. ಗಣಿಯಲ್ಲಿ ಶಿಫ್ಟು ಮಾಡುವ ಗಂಡ ರಾಜೇಶ ಹಟ್ಟಿಯಲ್ಲೇ ಉಳಿದು, ವಾರದ ರಜೆಗೆ ಬಂದುಹೋಗುವುದೆಂದಾಗಿತ್ತು. ಸಾಮಾನು ಕಟ್ಟುವುದು, ಟೆಂಪೊ ಗೊತ್ತು ಮಾಡುವುದು, ಮಗಳು ಪ್ರಿಯಾಂಕಾಳ ಟಿ.ಸಿ. ತರುವುದು, ಎಲ್ಲ ಇವಳ ತಲೆಗೇ. ಇದರ ನಡುವೆ ಫೋರಮನ್.

ಫೋರಮನ್ ಎಂದರೆ ಬೆಕ್ಕು. ಹೆಸರಿಟ್ಟವನು ರಾಜೇಶ. ಎತ್ತರದ ಜಾಗದಲ್ಲಿ ಕೂತು ಉಳಿದವರ ಕೆಲಸ ನೋಡುವುದು, ತಾನು ಕಡ್ಡಿ ಎತ್ತಿಡದಿರುವುದು, ಊಟದ ಹೊತ್ತಿಗೆ ತಪ್ಪದೆ ಹಾಜರಾಗುವುದು, ಇಷ್ಟನ್ನೂ ನೋಡಿಯೇ ಇಟ್ಟ ಹೆಸರು. ಪ್ರಿಯಾಂಕಾ ಅದನ್ನು ಮಗ್ಗುಲಲ್ಲಿ ಹಾಕಿಕೊಳ್ಳದೆ ಮಲಗಿದವಳಲ್ಲ.

ಹೊಸ ಮನೆಗೆ ಹೋದ ಬೆಕ್ಕನ್ನು ಕೆಲವು ವಾರ ಹೊರಗೆ ಬಿಡಬಾರದು, ಹಳೆಯ ವಾಸನೆಯ ಹಾಸಿಗೆ ಕೊಟ್ಟು ಒಂದೇ ಕೋಣೆಯಲ್ಲಿಟ್ಟು ಮನೆ ರೂಢಿ ಮಾಡಿಸಬೇಕು ಎಂದು ಯಶೋಧರಾ ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದಳು. ಮೊದಲೇ ಸಿಂಧನೂರಿಗೆ ಹೋಗಿ ಒಂದು ಕೋಣೆಯ ಕಿಟಕಿಗೆ ಜಾಳಿಗೆ ಹೊಡೆಸಿ, ಮೂಲೆಯಲ್ಲಿ ಮರಳಿನ ಟಬ್ಬು ಇಟ್ಟು ಬಂದಿದ್ದಳು. ಅತ್ತೆಗೂ ಬಿಡಿಸಿ ಹೇಳಿದ್ದಳು. ಅತ್ತೆ "ಹ್ಞೂಂ" ಅಂದಿದ್ದಳು. ಅಯ್ಯಮ್ಮನ ಹ್ಞೂಂ ಎಂದರೆ ಕೇಳಿಸಿತು ಎಂದಲ್ಲ, ಸಾಕು ಮಾಡು ಎಂದು.

ಟೆಂಪೊ ಲಿಂಗಸುಗೂರು ದಾಟಿ ಮಸ್ಕಿಯಲ್ಲಿ ಮಿರ್ಚಿ ತಿನ್ನಲು ನಿಂತಿತು. ಹಳ್ಳ ದಾಟಿಯಾಗಿತ್ತು. ಅಯ್ಯಮ್ಮ ಕೆಳಗಿಳಿದು, ಚೀಲವನ್ನು ರಾಗಿ ಬೀಸುವ ಕಲ್ಲಿನಂತೆ ಗಿರಗಿರ ತಿರುಗಿಸಿದಳು. ಡ್ರೈವರ್ ಬಾಯಿಗೆ ಹೋಗುತ್ತಿದ್ದ ಮಿರ್ಚಿಯನ್ನು ಹಿಡಿದು ನೋಡುತ್ತ ನಿಂತ. ಅಂಗಡಿಯವನ ಜೊತೆ ಚಟ್ನಿಗಾಗಿ ಹೊಡೆದಾಡುತ್ತಿದ್ದ ಯಶೋಧರಾ ನೋಡಲಿಲ್ಲ.

ಸಿಂಧನೂರಿನ ಅಂಚಿಗಿದ್ದ ಆ ಬಾಡಿಗೆ ಮನೆಯ ಬೆನ್ನಿಗೇ ಭತ್ತದ ಗದ್ದೆ. ಮಂಚ, ಸಿಲಿಂಡರು, ಬೀರು ಇಳಿಸಿ ಬೆವರು ಒರೆಸಿಕೊಂಡ ಮೇಲೆ ಯಶೋಧರಾಗೆ ಬೆಕ್ಕಿನ ನೆನಪಾಯಿತು.

"ಅತ್ತಿ, ಫೋರಮನ್ ಎಲ್ಲೈತ್ರಿ?"

"ಬಿಟ್ಟೆ."

"ರೂಮಿನ್ಯಾಗೇನ್ರಿ?"

"ರೂಮಿನ್ಯಾಗ ಯಾರರ ಬೆಕ್ಕು ಬಿಡ್ತಾರೇನು? ಗದ್ದಿ ಬದುವಿನ ಮ್ಯಾಗ ಬಿಟ್ಟೆ. ಹಿಂದ ತಿರುಗಿ ಸೈತ ನೋಡಿಲ್ಲವ್ವಾ. ಇನ್ನ ಜನ್ಮದಾಗ ಬರಂಗಿಲ್ಲ ಅದು."

ಹೇಳಿ ಮುಗಿಸಿದ ಅಯ್ಯಮ್ಮನ ಬಾಯಿ ತೆರೆದೇ ಉಳಿಯಿತು. ಆಮೇಲೆ ಸಣ್ಣ ದನಿಯಲ್ಲಿ, "ಯವ್ವಾ, ಅದು ನಮ್ಮದಲ್ಲೇನ?" ಅಂದಳು.

ಯಶೋಧರಾ ಬೀರುವಿಗೆ ಹಣೆ ಹಚ್ಚಿ ನಿಂತಳು.

"ಏನ್ ಮಾಡ್ಲಿ ಬೇ, ಕೈಗೆ ರೂಢಿ ಆಗೈತಿ. ಚೀಲ ಕೈಗೆ ಬಂತಂದ್ರ ಮುಂದಿಂದು ಕೈನ ಮಾಡ್ತೈತಿ, ನಾ ಏನೂ ಮಾಡಂಗಿಲ್ಲ."

ಪ್ರಿಯಾಂಕಾ ಅತ್ತ ರಭಸಕ್ಕೆ ಅಕ್ಕಪಕ್ಕದವರೆಲ್ಲ ಪರಿಚಯವಾದರು. ಊಟಕ್ಕೆ ಕರೆದರೆ, "ಅಜ್ಜೀನ್ನೂ ಚೀಲದಾಗ ಹಾಕಿ ತಿರುಗಿಸು, ಆಮ್ಯಾಲ ಉಣ್ತೀನಿ" ಎಂದು ಹಟ ಹಿಡಿದಳು. ಯಶೋಧರಾಗೂ ಅದು ತೀರ ತಪ್ಪು ಬೇಡಿಕೆ ಅನ್ನಿಸಲಿಲ್ಲ. ರಾಜೇಶನಿಗೆ ಫೋನು ಮಾಡಿದರೆ, "ನಮ್ಮವ್ವ ಬಿಟ್ಟಾಳಂದ್ರ ಮುಗೀತು ಬಿಡು" ಅಂದ. ಆ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಮುಂದಿನ ಸಂಜೆಗಳೆಲ್ಲ ಗದ್ದೆಯ ಬದುವಿನ ಮೇಲೇ ಕಳೆದವು. ಶಾಲೆ ಮುಗಿಸಿ ಬಂದು, ಸೀರೆ ಎತ್ತಿ ಕಟ್ಟಿ, ಯಶೋಧರಾ "ಫೋರಮನ್, ಏ ಫೋರಮನ್" ಎಂದು ಕೂಗುತ್ತ ಹೊರಡುವಳು. ಹಿಂದೆ ಹಾಲಿನ ಬಟ್ಟಲು ಹಿಡಿದ ಮಗಳು. ಅವಳ ಹಿಂದೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅಯ್ಯಮ್ಮ.

ಹಾಗೆ ಹೊರಟ ಒಂದು ಭಾನುವಾರ ಗದ್ದೆ ಗುತ್ತಿಗೆಗೆ ಹಿಡಿದಿದ್ದ ಮುಕ್ಕುಂದ ಹಳ್ಳಿಯ ಗ್ಯಾನಪ್ಪ ಎದುರಾದ.

"ಯಾರನ್ನ ಹುಡುಕಾಕತ್ತೀರಿ ಅಕ್ಕೋರ? ಈ ಕಡಿ ಯಾವ ಫೋರಮನ್ನೂ ಇಲ್ಲ. ಕಾಲುವಿ ನೀರು ಬಿಡೋ ನೀರಗಂಟಿ ಒಬ್ಬ ಇದ್ದ, ಅವನೂ ಸಿಗವಲ್ಲ."

"ಬೆಕ್ಕುರೀ, ಬೆಕ್ಕು."

ಗ್ಯಾನಪ್ಪನ ನಗು ನಿಂತಿತು. "ಹಂಗಾದ್ರ ಲಗೂನ ಹುಡುಕ್ರಿ. ನಾಳಿ ಮುಂಜಾನಿ ಈ ಸುತ್ತಿನವ್ರೆಲ್ಲ ಕೂಡಿ ಇಲಿ ಪಾಷಾಣ ಇಡಾಕತ್ತೀವಿ. ಪಾಷಾಣ ತಿಂದ ಇಲಿ ಕುಡುದವ್ರಂಗ ಗಿರಕಿ ಹೊಡೀತೈತಿ. ಬೆಕ್ಕಿಗೆ ಕರದು ತುತ್ತು ಕೊಟ್ಟಂಗ. ಅದನ್ನ ತಿಂತಂದ್ರ ನಿಮ್ಮ ಫೋರಮನ್ನೂ ಹೋತು."

"ಒಂದ್ವಾರ ಮುಂದ ಹಾಕ್ರೀ ಅಣ್ಣಾ."

"ಎಲ್ಲಾರೂ ಒಂದ ದಿನ ಇಡಬೇಕ್ರಿ. ಒಬ್ಬವ ಇಟ್ರ ಇಲಿ ಬಾಜೂಕಿನ ಗದ್ದಿಗೆ ಬೀಗರ ಮನಿಗೆ ಹೋದಂಗ ಹೋಗ್ತಾವ. ನಿಮ್ಮ ಬೆಕ್ಕಿನ ಸಲುವಾಗಿ ಇಲಿಗೆ ಇನ್ನೊಂದ್ವಾರ ಹೋಳಿಗಿ ಊಟ ಹಾಕ್ಲೇನು?"

ಯಶೋಧರಾ ಗಕ್ಕನೆ ಹಿಂದೆ ನೋಡಿದಳು. ಮಗಳಿಗೆ ಇದು ಕೇಳಿಸಬಾರದಿತ್ತು. ಕೇಳಿಸಿತ್ತು. ಅಲ್ಲಿಂದ ಮೂವರೂ ಮನೆಮನೆ ಹೊಕ್ಕು ಕೇಳತೊಡಗಿದರು. ಓಣಿಯ ಕೊನೆಗೆ, ಗದ್ದೆಗೆ ಮುಖ ಮಾಡಿದ ತಗಡಿನ ಮನೆ. ಮೀನು ಮಾರುವ ಸುಭಾನಬಿಯದು. ಬಾಗಿಲು ಹಾರು ಹೊಡೆದಿತ್ತು. ಒಳಗೆ ಹಗ್ಗದ ಹೊರಸಿನ ಮೇಲೆ, ಹೊಟ್ಟೆ ಬಿಟ್ಟುಕೊಂಡು, ಫೋರಮನ್.

ಕರೆದರೆ ಒಂದು ಕಣ್ಣು ತೆರೆದು, ಅರ್ಜಿ ಹಿಡಿದು ಬಂದವರನ್ನು ನೋಡುವ ಸಾಹೇಬರಂತೆ ನೋಡಿ ಮತ್ತೆ ಮುಚ್ಚಿತು.

"ನಿಮ್ದೇನಮ್ಮಾ ಇದು?" ಸುಭಾನಬಿ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾ ನವಾಬ ಅಂತ ಕರೀತೀನಿ. ಬದುವಿನ ಮ್ಯಾಗ ತಲಿ ತಿರುಗಿ ಅಡ್ಡಡ್ಡ ನಡ್ಯಾಕತ್ತಿತ್ತು. ಯಾರೋ ಹರಾಮಖೋರರು ಚೀಲದಾಗ ತಂದು ಒಗದು ಹೋಗ್ಯಾರ. ಅವರ ಕೈಗೆ ಹುಳ ಬೀಳ್ಲಿ!"

"ಬೀಳ್ಲಿ, ಬೀಳ್ಲಿ" ಎಂದಳು ಅಯ್ಯಮ್ಮ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು.

"ಅವರಿಗೆ ನಡುಹಾದ್ಯಾಗ ನಾಯಿ ಕಡೀಲಿ!"

"ಕಡೀಲಿ. ಸಣ್ಣ ನಾಯಿ ಆದ್ರೂ ಸಾಕು."

ಬೆಕ್ಕನ್ನು ಎತ್ತಿಕೊಂಡು ಮನೆಗೆ ತಂದರು. ಜಾಳಿಗೆಯ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿದರು. ಯಶೋಧರಾ ಚಹಾಕ್ಕೆ ನೀರಿಟ್ಟು ತಿರುಗುವುದರೊಳಗೆ ಆ ಕೋಣೆಗೆ ಅಂಟಿದ ಬಚ್ಚಲಿನ ಗವಾಕ್ಷಿಯಿಂದ ಫೋರಮನ್ ಪರಾರಿ. ಕಿಟಕಿಗೆ ಜಾಳಿಗೆ ಹೊಡೆಸಿದ ಜಾಣೆ ಬಚ್ಚಲನ್ನು ಮರೆತಿದ್ದಳು. ಓಡಿ ಹೋಗಿ ನೋಡಿದರೆ ಗದ್ದೆಯ ಬದು ಹಿಡಿದು ನೆಟ್ಟಗೆ ಸುಭಾನಬಿಯ ಹೊರಸಿಗೇ ಹೋಗಿತ್ತು.

ಹೊತ್ತು ಇಳಿಯುತ್ತಿತ್ತು. ಯಶೋಧರಾ ಸುಭಾನಬಿಯ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಬೆಕ್ಕಿಗೆ ಈಗ ಮನೆ ಎಂದರೆ ಇದೇ. ಇನ್ನೊಮ್ಮೆ ಎಳೆದೊಯ್ದರೆ ಮತ್ತೆ ಗದ್ದೆಗೆ ಬೀಳುತ್ತದೆ, ಬೆಳಗಾದರೆ ಗದ್ದೆಯ ತುಂಬ ಪಾಷಾಣ.

"ಸುಭಾನಬಿ, ಇದು ಇಲ್ಲೇ ಇರ್ಲಿ. ಆದ್ರ ಪಾಷಾಣ ತೆಗೆಯೋ ಮಟ ಬಾಗಲು ತೆಗೀಬ್ಯಾಡ್ರಿ."

"ಯಾ ಅಲ್ಲಾ! ಬಾಗಲು ಹಾಕಿದ್ರ ನನಗ ಉಸಿರು ಕಟ್ತೈತಿ. ಮ್ಯಾಲ ನಾ ನಸುಕಿನ್ಯಾಗ ಮೀನಿಗೆ ಹೋಗಾಕಿ. ಈ ನವಾಬನ್ನ ಕಾಯೋರು ಯಾರು?"

ಅಯ್ಯಮ್ಮ ತಗಡಿನ ಸೂರು ಎಷ್ಟು ಗಟ್ಟಿಯಿದೆಯೆಂದು ಪರೀಕ್ಷಿಸತೊಡಗಿದಳು.

"ಚೀಲದಾಗ ತಂದು ಬಿಟ್ಟಾಕಿ ನಮ್ಮಜ್ಜೀನ" ಎಂದಳು ಪ್ರಿಯಾಂಕಾ.

ಸುಭಾನಬಿ ಅಯ್ಯಮ್ಮನ ಮುಖ ನೋಡಿದಳು. ಸೆರಗಿನೊಳಗಿನ ಕೈ ನೋಡಿದಳು. ನಾಯಿ ಕಚ್ಚಿದ ಗುರುತೇನಾದರೂ ಇದೆಯೇ ಎಂಬಂತೆ ಕಾಲನ್ನೂ ನೋಡಿದಳು.

"ಹಂಗಾದ್ರ ನೀನ ಕೂಡ್ರು ಅಯ್ಯಮ್ಮಕ್ಕ, ಕಾಯಾಕ. ಹುಳದ ಮಾತು ಆಮ್ಯಾಲ."

ಪ್ರತಿವಾದಕ್ಕೆ ಅವಕಾಶವಿರಲಿಲ್ಲ. ಯಶೋಧರಾ ಮರಳಿನ ಟಬ್ಬು, ನೀರಿನ ಬೋಗುಣಿ ತಂದಿಟ್ಟಳು. ಸಂದುಗಳಿಗೆಲ್ಲ ಹಳೆಯ ಮೀನಿನ ಬಲೆ ಬಿಗಿದಳು. ಪ್ರಿಯಾಂಕಾ ಟಿವಿಯ ಖಾಲಿ ಡಬ್ಬಿಗೆ ಕಿಂಡಿ ಕೊರೆದು ಬೆಕ್ಕಿಗೆ ಗುಹೆ ಮಾಡಿದಳು, ದಾರಕ್ಕೆ ಚಿಂದಿ ಕಟ್ಟಿ ಅಜ್ಜಿಯ ಕೈಗೆ ಕೊಟ್ಟು, "ಬ್ಯಾಸರಾದ್ರ ಆಡಸ್ಬೇಕು, ಇಲ್ಲಂದ್ರ ಒದರ್ತೈತಿ" ಎಂದು ತಾಕೀತು ಮಾಡಿದಳು. ಯಾರಿಗೆ ಬೇಸರವಾದರೆ ಎಂದು ಬಿಡಿಸಿ ಹೇಳಲಿಲ್ಲ.

ಮರುದಿನ ಅಯ್ಯಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎದುರಿಗೆ ಫೋರಮನ್, ಬಾಗಿಲು ತೆಗೆ ಎಂದು ಹೊಯ್ಕೊಳ್ಳುತ್ತ. ಚಿಂದಿ ಆಡಿಸಿದಳು, ಬೈದಳು, ಬಸವಣ್ಣನ ಕತೆ ಹೇಳಿದಳು, ಟಬ್ಬಿನ ಮರಳು ಬದಲಿಸುತ್ತ ತನ್ನ ಹಣೆಬರಹವನ್ನು ಶಪಿಸಿದಳು. ಮಧ್ಯಾಹ್ನ, ಶಾಲೆಯ ಊಟದ ಬಿಡುವಿನಲ್ಲಿ ಯಶೋಧರಾ ನೋಡಿಹೋಗಲು ಬರುವುದಕ್ಕೂ, ಸುಭಾನಬಿ ಬುಟ್ಟಿ ಹೊತ್ತು ಮರಳುವುದಕ್ಕೂ, ಒಂದು ಇಲಿ ಗಿರಕಿ ಹೊಡೆಯುತ್ತ ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು. ಸುಭಾನಬಿ ಮೊಣಕೈಯಿಂದ ಬಾಗಿಲು ನೂಕಿದಳು. ಸಂದಿನಲ್ಲಿ ಇಲಿ ಕಂಡ ಫೋರಮನ್ ಗುಂಡಿನಂತೆ ಹಾರಿತು.

"ಅತ್ತೀ!" ಎಂದು ಯಶೋಧರಾ ಕಿರುಚಿದಳು.

ಅಯ್ಯಮ್ಮ ಹೊರಳಿ ಹೊಸ್ತಿಲಿಗೆ ಅಡ್ಡ ಬಿದ್ದಳು. ಬಿದ್ದಲ್ಲಿಂದಲೇ ಬೆಕ್ಕನ್ನು ಎರಡೂ ಕೈಯಲ್ಲಿ ಎದೆಗೆ ಅಮುಕಿ ಹಿಡಿದಳು. ಅದು ಪರಚಿತು, ಕಚ್ಚಿತು, ಫೋರಮನ್ನರಿಗೆ ಶೋಭಿಸದ ದನಿಯಲ್ಲಿ ಬೈಯಿತು. ಆಕೆ ಬಿಡಲಿಲ್ಲ. ಯಶೋಧರಾ ಇಲಿಯನ್ನು ಮೊರದಲ್ಲಿ ಎತ್ತಿ ಗುಂಡಿ ತೋಡಿ ಹೂತು, ಕೈ ತೊಳೆದು, ಅತ್ತೆಯನ್ನು ಆಟೊದಲ್ಲಿ ದವಾಖಾನೆಗೆ ಒಯ್ದು ಸೂಜಿ ಹಾಕಿಸಿ ಕರೆತಂದಳು.

ರಕ್ತದ ಗೆರೆಗಳನ್ನು ನೋಡಿ ಸುಭಾನಬಿ, "ಹೋಗ್ಲಿ ಬಿಡು ಅಕ್ಕ, ಹುಳಕ್ಕಿಂತ ಇದ ಛಲೋ" ಅಂದಳು. ಅಯ್ಯಮ್ಮನಿಗೆ ನಗು ಬಂತು. ರಾತ್ರಿ ಊಟಕ್ಕೂ ಅಲ್ಲೇ ಉಳಿದಳು.

ಕೆಲವು ದಿನ ಕಳೆದ ಮೇಲೆ ಗ್ಯಾನಪ್ಪ ಬಂದು, ಉಳಿದ ಪಾಷಾಣವನ್ನೂ ಸತ್ತ ಇಲಿಗಳನ್ನೂ ಆರಿಸಿ ಹೂತಿದ್ದೇವೆ, ಇನ್ನು ಭಯವಿಲ್ಲ ಎಂದು ಹೇಳಿದ. ಯಶೋಧರಾ ಸಂಜೆ ಮಗಳನ್ನು ಕರೆದುಕೊಂಡು ಹೋಗಿ ತಗಡಿನ ಬಾಗಿಲು ತಟ್ಟಿದಳು. ಒಳಗೆ ಮೀನು ಹುರಿಯುವ ಸದ್ದು, ಧಾರಾವಾಹಿಯ ಸದ್ದು, ಇಬ್ಬರು ಹೆಂಗಸರು ಯಾರನ್ನೋ ಬೈಯುವ ಸದ್ದು.

"ಅತ್ತಿ, ಬಾಗಲು ತೆಗೀರಿ. ಇನ್ನ ಹೊರಗ ಬಿಡಬಹುದಂತ."

"ಗ್ಯಾನಪ್ಪನ ಮಾತು ನಂಬಿ ಕುಂತಿಯೇನು?" ಅಯ್ಯಮ್ಮ ಒಳಗಿಂದಲೇ ಕೂಗಿದಳು. "ಒಂದೆರಡು ಇಲಿ ಉಳದಿದ್ರ? ಇನ್ನೊಂದ್ವಾರ ಇರ್ಲಿ. ಕೂಸಿನ್ನ ಒಳಗ ಕಳಸು, ಬೆಕ್ಕಿನ ಕೂಡ ಆಡ್ತೈತಿ. ಇಲ್ಲೇ ಉಂಡು ಮಲಗ್ಲಿ. ನೀ ಹೋಗು."

ಬಾಗಿಲು ಒಂದು ಗೇಣು ತೆರೆಯಿತು. ಪ್ರಿಯಾಂಕಾ ನುಸುಳಿ ಮಾಯವಾದಳು.

ಯಶೋಧರಾ ಒಂದು ಗಳಿಗೆ ನಿಂತಳು. ಮನೆಯಲ್ಲಿ ಅತ್ತೆ ಇಲ್ಲ, ಮಗಳಿಲ್ಲ, ಗಂಡನಿಗೆ ಎರಡನೇ ಶಿಫ್ಟು, ಬೆಕ್ಕಿಗೆ ಬೇರೆಯವರ ಮೀನು. ಮದುವೆಯಾದಾಗಿನಿಂದ ಇಂಥದೊಂದು ಸಂಜೆ ಬಂದ ನೆನಪಿಲ್ಲ. ಅವಳು ಸದ್ದಾಗದಂತೆ ಬಾಗಿಲೆಳೆದು, ಹೊರಗಿನ ಚಿಲಕವನ್ನೂ ಹಾಕಿ, ಮನೆಯ ಕಡೆ ಬಿರಬಿರನೆ ನಡೆದಳು.