ಬೇಕರಿ ಪುಟ್ಟನ ಪಥ್ಯ

ಪುಟ್ಟ ಎಂಬುದು ಅಕ್ಕ ಕರೆದು ಕರೆದು ಉಳಿಸಿದ ಹೆಸರು. ನಲವತ್ತು ದಾಟಿ, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬಾರದಷ್ಟು ದಪ್ಪವಾದ ಮೇಲೂ ಅವನು ಪುಟ್ಟನೇ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಊರವರ ಬಟ್ಟೆ ಹೊಲಿದು ಅವನನ್ನು ಸಾಕಿದಳು. ಸಾಕಿದಳು ಎಂದರೆ ಮುಖ್ಯವಾಗಿ ಉಣ್ಣಿಸಿದಳು. ತಾಯಿಯಿಲ್ಲದ ಮಗು ಬಡಕಲಾಗಿದೆ ಎಂದು ಯಾರೂ ಅನ್ನಬಾರದು ಎಂಬುದು ಅವಳ ಹಟ. ಮುಂದೆ ಅವನು ಬೇಕರಿಗೆ ಸೇರಿದ. ಅಲ್ಲಿ ಬೆಣ್ಣೆ, ಸಕ್ಕರೆ, ಬಿಸಿ ಬ್ರೆಡ್ಡಿನ ವಾಸನೆ. ಉಳಿದದ್ದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಅಕ್ಕನ ಲಿವರ್ ಕೆಟ್ಟಿತ್ತು. ಹನಿ ಹೆಂಡ ಮುಟ್ಟದವಳಿಗೆ ಇದೇಕೆ ಬಂತೋ, ಡಾಕ್ಟರೂ ಸರಿಯಾಗಿ ಹೇಳಲಾರರು. ಹೊಟ್ಟೆಯಲ್ಲಿ ನೀರು, ಕಣ್ಣಲ್ಲಿ ಹಳದಿ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕೈ ಸೋಲುತ್ತಿತ್ತು. ಗಂಡ ಸತ್ತು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಇದ್ದವನು ಕೆಳಗಿನ ಮಹಡಿಯಲ್ಲಿ ಹೆಂಡತಿಯೊಂದಿಗೆ ಇದ್ದ ಈ ತಮ್ಮನೊಬ್ಬನೇ.

"ರಕ್ತದ ಗುಂಪು ಹೊಂದುತ್ತೆ," ಎಂದರು ಡಾಕ್ಟರು, ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು. "ಆದ್ರೆ ನಿಮ್ಮ ಲಿವರ್‌ನಲ್ಲೂ ಕೊಬ್ಬು ತುಂಬಿದೆ. ಈ ಸ್ಥಿತೀಲಿ ಅದರಲ್ಲಿ ಒಂದು ತುಂಡು ತೆಗೆದು ನಿಮ್ಮ ಅಕ್ಕನಿಗೆ ಹಾಕೋಕೆ ನಾನು ಒಪ್ಪಲ್ಲ. ತೂಕ ಇಳಿದ್ರೆ ಅಲ್ಲಿನ ಕೊಬ್ಬೂ ಕರಗುತ್ತೆ. ಬೇಗ ಇಳಿಸಿ, ಆದ್ರೆ ಸರಿಯಾಗಿ ಇಳಿಸಿ."

'ಬೇಗ' ಎಂಬುದು ಪುಟ್ಟನ ಕಿವಿಗೆ ಬಿತ್ತು. 'ಸರಿಯಾಗಿ' ಎಂಬುದು ಬೀಳಲಿಲ್ಲ.

ಆಸ್ಪತ್ರೆಯ ಡಯಟೀಷಿಯನ್ ಸಣ್ಣಗೆ, ಚುರುಕಾಗಿದ್ದ ಹೆಂಗಸು. ದಿನವಿಡೀ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಅವನು ನಿಧಾನವಾಗಿ ಹೇಳಿದ. ಅಷ್ಟೇನಾ ಎಂದಳು. ಅಷ್ಟೇ ಎಂದ.

"ಬೇಕರೀಲಿ ಏನೂ ಬಾಯಿಗೆ ಹಾಕ್ಕೊಳ್ಳಲ್ವಾ?"

"ಮುರಿದ ಬಿಸ್ಕತ್ತು ಒಂದೆರಡು. ಅದು ಮಾರೋಕೆ ಬರಲ್ವಲ್ಲ, ಮೇಡಂ."

"ಮುರಿದಾಗ ಕ್ಯಾಲೊರಿ ಉದುರಿ ಹೋಗುತ್ತೆ ಅಂದ್ಕೊಂಡಿದೀರಾ?" ಎಂದು ನಕ್ಕು, ಅವಳು ಬಿಡಿಸಿ ಹೇಳಿದಳು. ಕ್ಯಾಲೊರಿ ಎಂದರೆ ಒಲೆಗೆ ಹಾಕುವ ಸೌದೆ. ಸ್ವಲ್ಪ ಕಡಿಮೆ ಹಾಕಿದರೆ ಮೈ ತಾನು ಕೂಡಿಟ್ಟ ಕೊಬ್ಬನ್ನು ತೆಗೆದು ಉರಿಸುತ್ತದೆ. ತೀರಾ ಕಡಿಮೆ ಮಾಡಿದರೆ ಮನೆಯ ತೊಲೆ, ಬಾಗಿಲನ್ನೂ ಕಿತ್ತು ಒಲೆಗೆ ಹಾಕುತ್ತದೆ. ಆ ತೊಲೆ ಉಳಿಯಬೇಕಾದರೆ ಪ್ರೋಟೀನ್ ಬೇಕು: ಮೊಟ್ಟೆ, ಮೀನು, ಕಾಳು, ಕೆನೆ ತೆಗೆದ ಹಾಲು. ಎಣ್ಣೆ, ಬೆಣ್ಣೆ ಚಮಚದಲ್ಲಿ ಅಳೆದು. ಪೂರ್ತಿ ಬಿಡುವಂತಿಲ್ಲ, ಸುರಿಯುವಂತೆಯೂ ಇಲ್ಲ.

ಪುಟ್ಟ ತಲೆಯಾಡಿಸಿದ. ಹೊರಗೆ ಬಂದವನೇ ಹೆಂಡತಿಗೆ, "ಅವರು ಹೇಳಿದ್ರಲ್ಲಿ ಅರ್ಧ ತಿಂದ್ರೆ ಎರಡು ಪಟ್ಟು ಬೇಗ ಇಳಿಯುತ್ತೆ, ಅಲ್ವಾ?" ಎಂದ.

"ಅತಿಬುದ್ಧಿ ಉಪಯೋಗಿಸ್ಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ," ಎಂದಳು ಅವಳು.

ಆದರೆ ಅಕ್ಕನ ಮುಖ ದಿನದಿಂದ ದಿನಕ್ಕೆ ಹಣ್ಣೆಲೆಯಂತಾಗುತ್ತಿರುವಾಗ ನಿಧಾನವಾಗಿ ಉಣ್ಣುವುದು ಹೇಗೆ? ಅವನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿದ. ಬೆಳಿಗ್ಗೆ ಕಪ್ಪು ಕಾಫಿ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ತೆಳು ಸಾರು. ಹೆಂಡತಿ ಬೇಯಿಸಿ ಕೊಟ್ಟ ಮೊಟ್ಟೆಯನ್ನು ಬೇಕರಿಯ ಹಿಂದಿನ ಬೆಕ್ಕಿಗೆ ಹಾಕಿ, ತಿಂದೆ ಎಂದ. ಬೆಕ್ಕು ಮೈ ತುಂಬಿಕೊಂಡಿತು, ಅವನು ಸೊರಗಿದ. ಎಲ್ಲಕ್ಕಿಂತ ಕಷ್ಟವೆಂದರೆ ಹಸಿವಲ್ಲ, ಆಯಾಸ. ಹಿಟ್ಟು ನಾದುವಾಗ ತೋಳು ತನ್ನದಲ್ಲವೆನಿಸುತ್ತಿತ್ತು. ಗಿರಾಕಿಯೊಬ್ಬರು "ಏನು ಪುಟ್ಟಣ್ಣ, ಗಾಳಿ ಬಿಟ್ಟ ಬಲೂನಾದ್ರಲ್ಲ!" ಎಂದು ತಮಾಷೆ ಮಾಡಿದರೆ ನಗಲೂ ತ್ರಾಣವಿರುತ್ತಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚದೆ ಗೋಡೆಗೊರಗಿ ಕೂರುತ್ತಿದ್ದ. ತೂಕದ ಯಂತ್ರದ ಮುಳ್ಳು ಮಾತ್ರ ಇಳಿಯುತ್ತಿತ್ತು. ಅದೊಂದನ್ನು ನೋಡಿ ಅವನು ಮರುದಿನ ಏಳುತ್ತಿದ್ದ.

ಅಕ್ಕ ತನ್ನ ಸುಸ್ತಿನ ನಡುವೆಯೂ ಅವನ ಪ್ಯಾಂಟುಗಳ ಸೊಂಟ ಚಿಕ್ಕದು ಮಾಡಿ ಹೊಲಿದು ಕೊಟ್ಟಳು. "ಇಷ್ಟು ವರ್ಷ ಬಿಚ್ಚಿ ಬಿಚ್ಚಿ ಸಾಕಾಗಿತ್ತು. ಈಗ ಹೊಲಿಯೋ ಸರದಿ," ಎಂದು ನಕ್ಕಳು. ಮತ್ತೆ ಅವನ ಕೆನ್ನೆ ದಿಟ್ಟಿಸಿ, "ಏನೋ ಇದು, ಮುಖದಲ್ಲಿ ಕಳೇನೇ ಇಲ್ಲ. ತಿಂತಿದೀಯಾ ತಾನೆ?" ಎಂದಳು.

"ಲೆಕ್ಕ ಹಾಕಿ ತಿಂತಿದೀನಿ ಅಕ್ಕ."

ಅದಾದ ವಾರದಲ್ಲೇ ಅನಾಹುತವಾಯಿತು. ಬೆಳಗಿನ ಬ್ರೆಡ್ಡು ಹೊರಗೆ ತೆಗೆಯುವ ಹೊತ್ತು. ಕಾದ ಟ್ರೇ ಹಿಡಿದು ತಿರುಗಿದವನಿಗೆ ಕಣ್ಣು ಕತ್ತಲೆ ಬಂತು. ಬೀಳುವಾಗ ಒಲೆಯ ಬಾಗಿಲಿಗೆ ಮುಂಗೈ ತಾಗಿ ಚರ್ಮ ಸುಲಿದುಹೋಯಿತು. ಎಚ್ಚರವಾದಾಗ ಬೇಕರಿಯ ಮಾಲೀಕ ಮುಖಕ್ಕೆ ನೀರು ಚಿಮುಕಿಸುತ್ತಿದ್ದ, ನೆಲದ ತುಂಬ ಬ್ರೆಡ್ಡು.

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ ಡಯಟೀಷಿಯನ್ ಅವನ ಕೈಗೆ ಬಲ ಅಳೆಯುವ ಒಂದು ಹಿಡಿಕೆ ಕೊಟ್ಟು, ಬಲವಾಗಿ ಅದುಮಿ ಎಂದಳು. ಅದುಮಿದ. ಅವಳು ಹುಬ್ಬು ಗಂಟಿಕ್ಕಿದಳು.

"ಇಳಿದದ್ದರಲ್ಲಿ ಅರ್ಧ ಮಾಂಸಖಂಡ. ನಾನು ತೊಲೆ ಕೀಳಬೇಡಿ ಅಂದಿದ್ನಲ್ಲ! ಇಂಥ ಮೈಗೆ ಆಪರೇಷನ್ ಮಾಡಿದ್ರೆ ಗಾಯ ಮಾಯೋದು ಹೇಗೆ? ಈ ಸುಟ್ಟ ಗಾಯ ಒಣಗೋವರೆಗೂ ಡಾಕ್ಟರು ನಿಮ್ಮನ್ನ ಮುಟ್ಟಲ್ಲ. ಉಳಿಸೋಕೆ ಹೋದ ಸಮಯವನ್ನ ನೀವೇ ಕಳ್ಕೊಂಡ್ರಿ."

ಬೈಗುಳಕ್ಕಿಂತ ಆ ಕೊನೆಯ ಮಾತು ಪುಟ್ಟನನ್ನು ಹಿಂಡಿತು.

ಸಂಜೆ ಅಕ್ಕನ ಮನೆಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಅಕ್ಕ ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಮೇಜಿನ ಮೇಲೆ ಅವಳ ಊಟ, ಮುಟ್ಟದೆ ಬಿಟ್ಟದ್ದು, ತಣ್ಣಗಾಗಿತ್ತು.

"ನಿನ್ನ ಲಿವರ್ ನಂಗೆ ಬೇಡ, ಹೋಗು," ಎಂದಳು.

"ಅಕ್ಕ..."

"ಬಾಯಿ ಮುಚ್ಚು. ನನ್ನ ಪ್ರಾಣ ಉಳಿಸೋಕೆ ನೀನು ಒಲೆಗೆ ಬೀಳ್ತೀಯಾ? ಹಾಗೆ ಉಳಿದು ನಾನು ಏನು ಮಾಡ್ಲೋ? ನಿನ್ನ ಹೆಂಡ್ತಿಗೆ ಯಾವ ಮುಖ ತೋರಿಸ್ಲಿ?" ಅಷ್ಟು ಹೇಳುವಷ್ಟರಲ್ಲಿ ಉಸಿರು ಸಾಲದೆ ನಿಲ್ಲಿಸಿದಳು.

ಪುಟ್ಟ ಅವಳ ಕಾಲ ಬಳಿ ಕುಸಿದು ಕೂತ. ಬಹಳ ದಿನಗಳಿಂದ ಯಾರಿಗೂ ಹೇಳದ್ದು ತಾನಾಗಿ ಹೊರಬಂತು. "ನಂಗೆ ಸುಸ್ತಾಗಿದೆ ಅಕ್ಕ. ತುಂಬಾ ಸುಸ್ತಾಗಿದೆ. ತಿಂದ್ರೆ ನಿನ್ನ ಪಾಲು ಕಿತ್ಕೊಂಡ ಹಾಗಾಗುತ್ತೆ. ತಿನ್ನದಿದ್ರೆ ಕೈ ಏಳಲ್ಲ."

ಅಕ್ಕ ತಣ್ಣಗಾದ ತಟ್ಟೆಯನ್ನು ಅತ್ತ ಸರಿಸಿದಳು. ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎಳೆದರು.

"ನಂಗೂ ಸಾಕಾಗಿದೆ ಪುಟ್ಟ," ಎಂದಳು. "ಅನ್ನ ಕಂಡ್ರೆ ಓಕರಿಕೆ. ಉಪ್ಪಿಲ್ಲ, ರುಚಿ ಇಲ್ಲ. ಆಪರೇಷನ್ ತಡ್ಕೊಳ್ಳೋಕೆ ಪ್ರೋಟೀನ್ ತಿನ್ನು ಅಂತ ನಂಗೂ ಹೇಳಿದಾರೆ. ನಾನೂ ಕದ್ದು ಚೆಲ್ತಿದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಳ್ಳನಿಗೆ ಕಳ್ಳ ಸಿಕ್ಕಂತಾಯಿತು. ನಗು ಬಂತು, ಆದರೆ ಪೂರ್ತಿ ನಗಲು ಇಬ್ಬರಲ್ಲೂ ಶಕ್ತಿಯಿರಲಿಲ್ಲ.

ಅಂದಿನಿಂದ ಪುಟ್ಟನ ಹೆಂಡತಿ ಊಟದ ಯಜಮಾನಿಕೆ ತನ್ನ ಕೈಗೆ ತೆಗೆದುಕೊಂಡಳು. ಇಬ್ಬರೂ ತನ್ನ ಕಣ್ಣೆದುರೇ, ಒಂದೇ ಮೇಜಿನಲ್ಲಿ ತಿನ್ನಬೇಕು ಎಂದು ಕಟ್ಟಪ್ಪಣೆ ಮಾಡಿದಳು. "ಅತ್ತಿಗೆ, ನೀವು ಮುಗಿಸೋವರೆಗೂ ಇವ್ರು ಏಳಲ್ಲ. ರೀ, ನೀವು ಮುಗಿಸೋವರೆಗೂ ಅತ್ತಿಗೆ ಏಳಲ್ಲ. ನಾನಂತೂ ಇಲ್ಲೇ ಕೂತಿರ್ತೀನಿ." ಅವನ ತಟ್ಟೆಯಲ್ಲಿ ಅನ್ನ ಒಂದು ಹಿಡಿ, ಬೇಯಿಸಿದ ಕಾಳು, ಮೀನಿನ ತುಂಡು, ರಾಶಿ ತರಕಾರಿ. ಅಕ್ಕನ ತಟ್ಟೆಯಲ್ಲಿ ಅದೇ, ಉಪ್ಪಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ. ಎಣ್ಣೆಯ ಬಾಟಲಿಗೆ ಚಮಚವೊಂದು ಕಾವಲು. ಬೆಕ್ಕಿಗೆ ಮತ್ತೆ ಇಲಿಯೇ ಗತಿಯಾಯಿತು.

ಅದು ಸುಖದ ಊಟವೇನಲ್ಲ. ಅಕ್ಕ ಒಂದೊಂದು ತುತ್ತನ್ನೂ ಔಷಧಿಯಂತೆ ನುಂಗುತ್ತಿದ್ದಳು. ಪುಟ್ಟ ತಟ್ಟೆ ಖಾಲಿಯಾದ ಮೇಲೂ ಹಸಿದಿರುತ್ತಿದ್ದ. ಕೆಲವು ವಾರ ತೂಕದ ಮುಳ್ಳು ಅಲ್ಲಾಡಲೇ ಇಲ್ಲ. "ಇರಲಿ, ತೋಳು ಗಟ್ಟಿಯಾಗ್ತಿದೆ, ಅದು ಮುಳ್ಳಿಗೆ ಕಾಣಲ್ಲ," ಎಂದಳು ಡಯಟೀಷಿಯನ್. ನಡುವೆ ಅಕ್ಕ ಎರಡು ಸಲ ಆಸ್ಪತ್ರೆ ಸೇರಿ ಬಂದಳು. ಆ ದಿನಗಳಲ್ಲಿ ಪುಟ್ಟ ಒಬ್ಬನೇ ಮೇಜಿನ ಮುಂದೆ ಕೂತು, ತಪ್ಪು ಮಾಡಿದವನಂತೆ, ತಟ್ಟೆಯಲ್ಲಿದ್ದ ಅಷ್ಟನ್ನೂ ತಿಂದು ಮುಗಿಸುತ್ತಿದ್ದ. ಉಪವಾಸವಿರುವುದು ಅದಕ್ಕಿಂತ ಸುಲಭವಿತ್ತು.

ಮುಂಗೈಯ ಗಾಯ ಒಣಗಿ ಕಲೆಯಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಈಗ ಒಪ್ಪಬಹುದು," ಎಂದರು. ಪುಟ್ಟನಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಅವನು, "ಇಲ್ಲೇ ಸ್ವಲ್ಪ ಹೊತ್ತು ಕೂತ್ಕೋಬಹುದಾ, ಡಾಕ್ಟ್ರೇ?" ಎಂದು ಕೇಳಿದ.

ಆಪರೇಷನ್ ದಿನವಿಡೀ ನಡೆಯಿತು. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಒಬ್ಬಳೇ ಇಬ್ಬರ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಗಿಯಿತು, ಇಬ್ಬರೂ ಕ್ಷೇಮ ಎಂದಾಗ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು.

ಮೊದಲು ನಡೆದಾಡಿದವನು ಪುಟ್ಟ. ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟು, ಗೋಡೆ ಹಿಡಿದು, ಅಕ್ಕನ ವಾರ್ಡಿಗೆ ಬಂದ. ಅವಳ ಕಣ್ಣಿನ ಹಳದಿ ಆಗಲೇ ತಿಳಿಯಾಗತೊಡಗಿತ್ತು.

"ಬಂದ್ಯಾ? ನೋವಿದೆಯೇನೋ?"

"ನಕ್ಕರೆ ನೋವು. ನಗಿಸ್ಬೇಡ."

"ನಗಿಸೋಕೆ ನನ್ನ ಹತ್ರ ಏನಿದೆ," ಎಂದು ಅವಳು ಮಂಚದ ಪಕ್ಕದ ಕುರ್ಚಿ ತೋರಿಸಿದಳು. ಅವನು ಮೆಲ್ಲಗೆ ಕೂತ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಹೇಳಿಕೊಳ್ಳಲು ಬೇಕಾದಷ್ಟಿತ್ತು, ಆದರೆ ಅಕ್ಕ ಅವನ ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಪುಟ್ಟನ ತಲೆಯೂ ವಾಲಿತು. ಮಾತ್ರೆ ಕೊಡಲು ಬಂದ ನರ್ಸ್ ಇಬ್ಬರ ಗೊರಕೆ ಕೇಳಿ, ಸದ್ದಿಲ್ಲದೆ ಪರದೆ ಎಳೆದು ಮುಂದಿನ ಮಂಚಕ್ಕೆ ಹೋದಳು.