ಅವ್ವಣ್ಣ ಹೇಳಿದ ಸಿನಿಮಾ

ನನ್ನ ಅತಿ ಮೆಚ್ಚಿನ ವೈಜ್ಞಾನಿಕ ಕಲ್ಪನೆಯ ಸಿನಿಮಾವನ್ನು ನಾನು ನೋಡಿರಲೇ ಇಲ್ಲ. ನೋಡಿದ್ದವರು ಚಂದ್ರಪ್ಪನವರು. ಅವರೂ ಚಡ್ಡಿ ಹಾಕುವ ವಯಸ್ಸಿನಲ್ಲಿ, ಪುಣೆ ಹತ್ತಿರದ ದೇಹೂ ರೋಡಿನ ಮೈದಾನದಲ್ಲಿ ಕಟ್ಟಿದ ಬಿಳಿ ಪರದೆಯ ಮೇಲೆ ಒಂದೇ ಒಂದು ಸಲ ನೋಡಿದ್ದು. ಅವರು ಅದನ್ನು ತಮ್ಮ ಬ್ಲಾಗಿನಲ್ಲಿ ಬರೆದರು, ನಾನು ಓದಿದೆ, ಅಷ್ಟೇ. ಊಟ ಮಾಡದೆ ಅಡುಗೆ ಚೆನ್ನಾಗಿದೆ ಅನ್ನುವುದು ಹೇಗೆ ಎಂದು ನೀವು ಕೇಳಬಹುದು. ನಾನು ಹೋಟೆಲಿನವಳು, ವಾಸನೆಯಲ್ಲೇ ಹೇಳುತ್ತೇನೆ.

ಪುಣೆ ಕ್ಯಾಂಪಿನಲ್ಲಿ ನಮ್ಮ ಹೋಟೆಲು. ಯಜಮಾನರು ಸದಾನಂದ ಅಡುಗೆಮನೆಯಲ್ಲಿ, ನಾನು ಗಲ್ಲಾದಲ್ಲಿ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವಳು, ಓದಿದ್ದು ಎಸ್ಸೆಸ್ಸೆಲ್ಸಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಗಲ್ಲಾದಲ್ಲಿ ಕೂತವಳಿಗೆ ನೊಣ ಓಡಿಸುವುದು ಬಿಟ್ಟರೆ ಕೆಲಸವಿರುವುದಿಲ್ಲ. ಒಂದು ದಿನ ಯಾರೋ ನಮ್ಮ ಹೋಟೆಲಿಗೆ ಶನಿಯ ದೃಷ್ಟಿ ಇದೆ ಎಂದರು. ಪರಿಹಾರ ಹುಡುಕೋಣ ಎಂದು ಮೊಬೈಲಿನಲ್ಲಿ ಕನ್ನಡದಲ್ಲೇ ಶನಿ ಎಂದು ಒತ್ತಿದೆ. ಎಳ್ಳೆಣ್ಣೆ ದೀಪದ ಮಾಹಿತಿಗಳ ಕೆಳಗೆ ‘ದೇಹೂ ರೋಡಿನಿಂದ ಶನಿಗ್ರಹಕ್ಕೆ’ ಎಂಬ ಬ್ಲಾಗು ಸಿಕ್ಕಿತು. ಓದುತ್ತಾ ಓದುತ್ತಾ ಗಿರಾಕಿಗಳು ದುಡ್ಡು ಹಿಡಿದುಕೊಂಡು ಸಾಲಾಗಿ ನಿಂತಿದ್ದು ಗೊತ್ತಾಗಲಿಲ್ಲ. ಪರಿಹಾರ ಇನ್ನೂ ಮಾಡಿಸಿಲ್ಲ.

ಬ್ಲಾಗಿನ ಒಡೆಯ ಚಂದ್ರಪ್ಪನವರು ಧಾರವಾಡದ ಕಡೆಯವರು. ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಇಂಗ್ಲಿಷಿನಿಂದ ಮರಾಠಿಗೆ, ಮರಾಠಿಯಿಂದ ಇಂಗ್ಲಿಷಿಗೆ ಹೇಳಿಕೆಗಳನ್ನು ಅನುವಾದ ಮಾಡಿ ನಿವೃತ್ತರಾದವರು. ಸಾಕ್ಷಿ ಕೆಮ್ಮಿದರೆ ‘ಕೆಮ್ಮಿದರು’ ಎಂದೂ ಬರೆದವರಂತೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಅವರ ಬ್ಲಾಗಿಗೆ ನಾನು ಉತ್ತರ ಬರೆದೆ. ಆಮೇಲೆ ನನ್ನದೇ ಬ್ಲಾಗು ತೆರೆದು ‘ಗಲ್ಲಾಪೆಟ್ಟಿಗೆ’ ಎಂದು ಹೆಸರಿಟ್ಟೆ. ನಮ್ಮ ಬ್ಲಾಗಿನ ಗುಂಪಿಗೆ ಮೂರನೆಯವಳು ಪ್ರಣೀತಾ, ಬೆಂಗಳೂರಿನ ಹುಡುಗಿ, ಹಿಂಜವಡಿಯಲ್ಲಿ ಕೆಲಸ. ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ರಜೆಯ ದಿನವೂ ಬಿಡುವುದಿಲ್ಲ. ಅವಳಿಂದ ನನಗೆ ಚಂದ್ರ ಮುಷ್ಕರ ಹೂಡುವ ಕಾದಂಬರಿಯೊಂದು ಸಿಕ್ಕಿತು. ಚಂದ್ರಪ್ಪನವರಿಂದ, ಒಂದು ಊರಿನ ಜನರೆಲ್ಲ ತಮ್ಮ ನೆರಳನ್ನು ಅಡವಿಡುವ ಹಳೆಯ ಕಥೆ. ನಮ್ಮಲ್ಲಿ ಒಂದೇ ಕಟ್ಟಳೆ: ಒಬ್ಬರು ಮೆಚ್ಚಿ ಬರೆದದ್ದನ್ನು ಉಳಿದಿಬ್ಬರು ಓದಿ ಅಥವಾ ನೋಡಿ ತಮ್ಮ ಬ್ಲಾಗಿನಲ್ಲಿ ಬರೆಯಬೇಕು. ಬರೀ ‘ಚೆನ್ನಾಗಿದೆ’ ಎಂದರೆ ನಡೆಯುವುದಿಲ್ಲ.

ಒಂದನ್ನು ಮಾತ್ರ ನೋಡಲಾಗಿರಲಿಲ್ಲ. ಅದೇ ಈ ಸಿನಿಮಾ.

ಕಥೆ ಹೀಗೆ. ಬೆಳ್ಳಿ ಬಣ್ಣದ ಕೋಟಿನವನೊಬ್ಬ ಸಂಜೆ ಹೊತ್ತಿಗೆ ಒಂದು ಊರಿಗೆ ಬರುತ್ತಾನೆ. ಅವನದೇ ಊರು. ನಕ್ಷತ್ರಕ್ಕೆ ಹೋಗಿ ಮರಳುವಷ್ಟರಲ್ಲಿ ಅವನಿಗೆ ಒಂದು ವರ್ಷ, ಊರಿಗೆ ಮುನ್ನೂರು ವರ್ಷ ಕಳೆದಿದೆ. ಯಾರಿಗೂ ಅವನ ಗುರುತಿಲ್ಲ. ಮನೆಮನೆಯ ಬಾಗಿಲು ತಟ್ಟಿ ‘ನನ್ನ ತಾಯಿ ಇಲ್ಲಿದ್ದಾಳಾ?’ ಎಂದು ಕೇಳುತ್ತಾನೆ. ಇಲ್ಲ ಅಂದರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಪೆಟ್ಟಿಗೆ ಕೊಡುತ್ತಾನೆ. ಒಳಗೆ ನಕ್ಷತ್ರದಿಂದ ತಂದ ಬೆಳಕಿನ ಚೂರು. ಕೊನೆಗೆ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ತೆರೆಯುತ್ತವೆ, ಊರೆಲ್ಲ ಬೆಳಗುತ್ತದೆ, ಆ ಬೆಳಕಿನಲ್ಲಿ ಕಿಟಕಿಯೊಂದರಲ್ಲಿ ತಾಯಿಯ ಮುಖ ಕಾಣುತ್ತದೆ. ಇದನ್ನು ಓದಿದ ದಿನ ನಾನು ಮೂರನೆಯ ಟೇಬಲಿನ ಮಸಾಲೆ ದೋಸೆಯನ್ನು ಕಣ್ಣೊರೆಸಿಕೊಳ್ಳುತ್ತಾ ಏಳನೆಯದಕ್ಕೆ ಕಳಿಸಿದೆ.

ಸಿನಿಮಾ ಇಂಗ್ಲಿಷಿನದು. ಮೈದಾನದಲ್ಲಿ ಕನ್ನಡದ ಮನೆಗಳವರು ಒಂದೇ ಕಡೆ ಚಾಪೆ ಹಾಸಿಕೊಂಡು ಕೂರುತ್ತಿದ್ದರಂತೆ. ನಡುವೆ ಚಂದ್ರಪ್ಪನವರ ಅಣ್ಣ ಅವ್ವಣ್ಣ. ಮಿಲಿಟರಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ, ಇಪ್ಪತ್ತರ ಪ್ರಾಯ, ಗಟ್ಟಿ ಗಂಟಲು. ಪರದೆಯ ಮೇಲೆ ಸಾಹೇಬರು ಮಾತಾಡಿದ ಹಾಗೆಲ್ಲ ಅವ್ವಣ್ಣ ಅದನ್ನು ಕನ್ನಡದಲ್ಲಿ ಹೇಳುವುದು. ಪಕ್ಕದ ಮರಾಠಿ ಹೆಂಗಸರೂ ಚಾಪೆ ಎಳೆದುಕೊಂಡು ಬಂದು ‘ಅಣ್ಣಾ, ಪುಢೆ ಕಾಯ್ ಝಾಲಂ?’ ಎಂದು ಮುಂದಿನದು ಕೇಳುತ್ತಿದ್ದರಂತೆ.

“ನಮ್ಮ ಅಣ್ಣಗ ಇಂಗ್ಲಿಷ್ ಭಾಳ ಚಲೋ ಬರ್ತಿತ್ತು ನೋಡ್ರಿ ಬಾಯಾರ,” ಎಂದು ಚಂದ್ರಪ್ಪನವರು ನನಗೆ ಎಷ್ಟು ಸಲ ಹೇಳಿದ್ದಾರೋ. “ಅಂವನಂಗ ತಿಳೀಬೇಕು ಅಂತನ ನಾ ಇಂಗ್ಲಿಷ್ ಕಲಿತಿದ್ದು. ನಲವತ್ತು ವರ್ಷ ಕೋರ್ಟಿನ್ಯಾಗ ತಿಕ್ಕಿದೆ. ಅಂವನ ಕಾಲ ಧೂಳಿಗೂ ಬರಲಿಲ್ಲ.”

ಸಿನಿಮಾದ ನಿಜವಾದ ಹೆಸರು ಅವರಿಗೆ ಗೊತ್ತಿರಲಿಲ್ಲ. ಪ್ರಣೀತಾ ಬಿಡಬೇಕಲ್ಲ. ಬೆಳ್ಳಿ ಕೋಟು, ಪೆಟ್ಟಿಗೆ, ಕಿಟಕಿಯ ಮುದುಕಿ ಎಂದೆಲ್ಲ ಬರೆದು ದೇಶದೇಶದ ಬ್ಲಾಗಿನವರನ್ನು ಕೇಳಿದಳು. ಮರೆತುಹೋದ ಸಿನಿಮಾಗಳ ಬಗ್ಗೆಯೇ ಬರೆಯುವ ಒಬ್ಬಾತ ಅದನ್ನು ಕಳಿಸಿಯೂ ಬಿಟ್ಟ. ಧ್ವನಿ ಹಾಳಾಗಿತ್ತು, ಪರದೆಯ ಕೆಳಗೆ ಮಾತನ್ನು ತೋರಿಸುವ ಇಂಗ್ಲಿಷ್ ಅಕ್ಷರಗಳು ಬೇರೆ ಕಡೆ ಸಿಕ್ಕವು. ಅದನ್ನು ಇದಕ್ಕೆ ಹೊಂದಿಸಲು ವಾರಗಟ್ಟಲೆ ಕೂತಳು.

“ಆಂಟಿ, ಕಥೆ ಗೊತ್ತಾಗಬಾರ್ದು ಅಂತ ನಾನು ಒಂದು ಲೈನೂ ಓದಿಲ್ಲ, ಬರೀ ಟೈಮಿಂಗ್ ನಂಬರ್ ಮ್ಯಾಚ್ ಮಾಡಿದೀನಿ,” ಎಂದಳು. “ಎಲ್ಲರೂ ಒಟ್ಟಿಗೆ ನೋಡೋಣ. ನಿಮ್ಮ ಮಹಡಿ ರೂಮಲ್ಲಿ, ಕಿಟಕಿ ಮುಚ್ಚಿ. ಪ್ರೊಜೆಕ್ಟರ್ ನಾನು ತರ್ತೀನಿ. ಅವ್ವಣ್ಣ ತಾತನ್ನೂ ಕರೆಸೋಣ.”

ಸೋಮವಾರ ಮಧ್ಯಾಹ್ನವೆಂದು ಗೊತ್ತಾಯಿತು. ತನ್ನ ಲ್ಯಾಪ್‌ಟಾಪು ಕೈಕೊಟ್ಟರೆ ಇರಲಿ ಎಂದು ಅವಳು ಸಿನಿಮಾವನ್ನು ನನ್ನ ಮೊಬೈಲಿಗೂ ಹಾಕಿದ್ದಳು. ಭಾನುವಾರ ಗಲ್ಲಾದಲ್ಲಿ ಕೂತು ಸ್ವಲ್ಪವೇ ನೋಡೋಣ ಎಂದು ಶುರುಮಾಡಿದೆ. ಕೆಳಗಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದೆ. ಕೊನೆಯವರೆಗೂ ನೋಡಿದೆ.

ಪೆಟ್ಟಿಗೆಯಲ್ಲಿ ಇದ್ದದ್ದು ಬಾಂಬು.

ಬೆಳ್ಳಿ ಕೋಟಿನವನು ಬೇರೆ ಗ್ರಹದವನು. ಭೂಮಿಯ ಊರುಗಳನ್ನು ಒಂದೊಂದಾಗಿ ಸುಡಲು ಬಂದವನು. ಬಾಗಿಲು ತೆರೆದ ಮಕ್ಕಳನ್ನು ‘ತಾಯಿ ಮನೆಯಲ್ಲಿದ್ದಾಳಾ?’ ಎಂದು ಕೇಳುತ್ತಾನೆ, ಹೌದು. ದೊಡ್ಡವರಿಲ್ಲದ ಮನೆ ಅವನಿಗೆ ಅನುಕೂಲ. ಕೊನೆಗೆ ಊರು ಬೆಳಗುವುದು ಎಲ್ಲ ಮನೆಗಳೂ ಸಿಡಿಯುವುದರಿಂದ. ಕಿಟಕಿಯ ಮುದುಕಿ ಅವನನ್ನು ಕಳಿಸಿದ ಮೇಲಧಿಕಾರಿ. ಚೆನ್ನಾಗಿ ಕೆಲಸ ಮಾಡಿದೆ ಎಂದು ತಲೆಯಾಡಿಸುತ್ತಾಳೆ.

ಅವ್ವಣ್ಣನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ‘ಮದರ್’ ಬರುತ್ತಿತ್ತು, ‘ಬಾಕ್ಸ್’ ಬರುತ್ತಿತ್ತು, ಬಹುಶಃ ‘ಲೈಟ್’ ಬರುತ್ತಿತ್ತು. ಉಳಿದದ್ದೆಲ್ಲ ಗಂಟಲು.

“ಎಂತ ಆಯ್ತು ಮಾರಾಯ್ತಿ, ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದಿ?” ಎಂದು ಸದಾನಂದರು ಒಳಗಿನಿಂದ ಬಂದರು.

“ಬಾಂಬ್ ಅಂತೆ.”

“ಎಲ್ಲಿ? ಕ್ಯಾಂಪಲ್ಲಾ?”

“ಸಿನಿಮಾದಲ್ಲಿ.”

“ಹಾಗಾದ್ರೆ ಹೋಗಿ ಸಾಂಬಾರಿಗೆ ಉಪ್ಪು ಬಿದ್ದಿದ್ಯಾ ನೋಡು.”

ಉಪ್ಪು ನೋಡಿ ಬಂದು ಎಲ್ಲವನ್ನೂ ಹೇಳಿದೆ. ಸಿನಿಮಾ ಹಾಳಾದರೆ ಹಾಳಾಗಲಿ, ಚಂದ್ರಪ್ಪನವರಿಗೆ ಅಣ್ಣನ ಇಂಗ್ಲಿಷು ಹೋಗುತ್ತದಲ್ಲ, ಅದೂ ಅಣ್ಣನ ಎದುರಿಗೇ, ಎಂದೆ. ಆ ಮುದುಕರು ಮುಖ ಎಲ್ಲಿ ಇಟ್ಟುಕೊಳ್ಳಬೇಕು?

ಸದಾನಂದರು ಯೋಚಿಸಿದರು. “ಕರೆಂಟ್ ಇಲ್ಲ ಅಂತ ಹೇಳು.”

“ಕೆಳಗೆ ಗ್ರೈಂಡರ್ ತಿರುಗ್ತಾ ಇರ್ತದಲ್ಲ, ಕೇಳುದಿಲ್ವಾ?”

“ಅದು ಹೌದು.” ಅವರು ಒಳಗೆ ಹೋದರು. ಗ್ರೈಂಡರ್ ನಿಲ್ಲಿಸುವ ವಿಚಾರ ಅವರ ತಲೆಗೂ ಬರಲಿಲ್ಲ, ನಾನೂ ಕೇಳಲಿಲ್ಲ. ಇಡ್ಲಿ ಹಿಟ್ಟು ಇಡ್ಲಿ ಹಿಟ್ಟೇ.

ಪ್ರಣೀತಾಗೆ ಫೋನು ಮಾಡಿ, ಆ ಅಕ್ಷರಗಳು ಯಾಕೆ, ಹಾಗೇ ತೋರಿಸೋಣ ಎಂದೆ. “ಏನ್ ಆಂಟಿ ಹೀಗಂತೀರಾ? ನಾನು ಅದಕ್ಕೇ ನಿದ್ದೆಗೆಟ್ಟಿದ್ದು! ಅದಿಲ್ದಿದ್ರೆ ಒಂದು ಡೈಲಾಗೂ ಅರ್ಥ ಆಗಲ್ಲ,” ಎಂದಳು. ಅರ್ಥವಾಗದಿರುವುದೇ ನನಗೆ ಬೇಕಾಗಿತ್ತು, ಆದರೆ ಕಾರಣ ಹೇಳಿದರೆ ಅವ್ವಣ್ಣನ ಮಾನ ಫೋನಿನಲ್ಲೇ ಹೋದಂತೆ. ಫೋನಿಟ್ಟೆ. ಚಂದ್ರಪ್ಪನವರಿಗೇ ಫೋನು ಮಾಡಿ ಮುಂದೆ ಹಾಕೋಣವೇ ಎಂದು ಕೇಳಹೊರಟೆ. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

“ಅಣ್ಣ ಒಪ್ಪ್ಯಾನ್ರಿ ಬಾಯಾರ! ನಾಳೆ ಲೋಕಲ್ ಟ್ರೇನಿನ್ಯಾಗ ಕರಕೊಂಡು ಬರ್ತೀನಿ. ಮುಂಜಾನಿಂದ ಹೊಸಾ ಧೋತ್ರ ಹೊರಗ ತಗದು ಇಟ್ಟಾನಂತ. ಕಣ್ಣು ಅಷ್ಟ ಕಾಣಸಂಗಿಲ್ರಿ ಈಗ, ಆದ್ರೂ ಬರ್ತಾನ.”

ಸೋಮವಾರ ಬಂದರು. ಅವ್ವಣ್ಣ ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಮನುಷ್ಯ; ಗಂಟಲು ಮಾತ್ರ ಚಂದ್ರಪ್ಪನವರು ಬರೆದಷ್ಟೇ ಇತ್ತು. ಮಹಡಿಯ ಮೆಟ್ಟಿಲನ್ನು ತಮ್ಮನ ಹೆಗಲು ಹಿಡಿದು ಹತ್ತಿ, ಮುಂದಿನ ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ಕಣ್ಣು ಕಿರಿದು ಮಾಡಿದರು.

“ಯಾವ ಸಿನೆಮಾನೋ ಚಂದ್ರಾ?”

“ನೀ ನನಗ ಹೇಳಿದ್ದೋ ಅಣ್ಣಾ. ಮೈದಾನದಾಗ.”

“ನಾ ಭಾಳ ಹೇಳೀನಿ,” ಎಂದರು ಅವ್ವಣ್ಣ. “ನಡೀಲಿ, ಚಾಲೂ ಮಾಡ್ರಿ.”

ನಾನು ಹಿಂದೆ ಪ್ರಣೀತಾಳ ಪಕ್ಕ ಕೂತೆ. ಕೆಳಗೆ ಗ್ರೈಂಡರ್ ತಿರುಗುತ್ತಿತ್ತು. ಗೋಡೆಯ ಮೇಲೆ ಸಂಜೆಯಾಯಿತು, ದಾರಿ ಕಂಡಿತು, ಬೆಳ್ಳಿ ಕೋಟಿನವನು ಬಂದ. ಯಾರೂ ಕೇಳದೆಯೇ ಅವ್ವಣ್ಣ ಶುರು ಮಾಡಿದರು.

“ಬಂದಾ ನೋಡ್ರಿ. ಭಾಳ ದೂರದಿಂದ ಬಂದಾನ. ದಣದಾನ ಪಾಪ.”

ಬೆಳ್ಳಿ ಕೋಟಿನವನು ಏನೋ ಹೇಳಿದ. ಈ ಊರಿನಲ್ಲಿ ಒಂದು ಜೀವವೂ ಉಳಿಯಬಾರದು ಎಂದು ಕೆಳಗೆ ಇಂಗ್ಲಿಷಿನಲ್ಲಿ ಬಂತು.

“ನನ್ನ ಊರಿನ್ಯಾಗ ನನ್ನ ಗುರ್ತಾ ಹಿಡಿಯವ್ರು ಒಬ್ರೂ ಇಲ್ಲಲ್ಲಾ, ಅನ್ನಾಕತ್ತಾನ,” ಎಂದರು ಅವ್ವಣ್ಣ.

ಪ್ರಣೀತಾ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ತಪ್ಪು ಸಿಕ್ಕಿದ ಹೊಳಪು ಬಂತು. ಮರುಗಳಿಗೆ ಅದು ಯಾರ ತಪ್ಪು ಎಂದು ತಿಳಿದು ಹೊಳಪು ಆರಿತು. “ಆಂಟಿ...” ಎಂದಳು. ನಾನು ಅವಳ ಮೊಣಕಾಲು ಒತ್ತಿ ಹಿಡಿದೆ.

ಚಂದ್ರಪ್ಪನವರ ಮುಖದ ಒಂದು ಬದಿ ನನಗೆ ಕಾಣುತ್ತಿತ್ತು. ಅವರಿಗೆ ಓದುವಾಗ ತುಟಿ ಅಲ್ಲಾಡಿಸುವ ಅಭ್ಯಾಸ. ಅಕ್ಷರಗಳ ಜೊತೆ ತುಟಿ ಆಡುತ್ತಿತ್ತು. ಮೊದಲ ಮನೆಯ ಬಾಗಿಲು ತೆರೆಯಿತು, ಪುಟ್ಟ ಹುಡುಗಿ ಪೆಟ್ಟಿಗೆ ತೆಗೆದುಕೊಂಡಳು.

“ತಗೋ ಮಗಳ,” ಎಂದರು ಅವ್ವಣ್ಣ. “ಇದರಾಗ ಬೆಳಕ ಅದ. ನಿಮ್ಮವ್ವ ಬಂದ ಮ್ಯಾಲೆ ತಗದು ನೋಡ್ರಿ.”

ನಡುರಾತ್ರಿಗೆ ಸಿಡಿಸುತ್ತೇನೆ, ಎಂದವು ಅಕ್ಷರಗಳು.

ಚಂದ್ರಪ್ಪನವರ ತುಟಿ ನಿಂತಿತು. ಅವರು ಗೋಡೆಯನ್ನು ನೋಡಿದರು, ಅಣ್ಣನನ್ನು ನೋಡಿದರು. ಅವ್ವಣ್ಣ ಎರಡನೆಯ ಮನೆಯ ಬಾಗಿಲಲ್ಲಿದ್ದರು, ತಾಯಿಯನ್ನು ಕೇಳುತ್ತಿದ್ದರು. ನಲವತ್ತು ವರ್ಷ ಕೆಮ್ಮನ್ನೂ ಬಿಡದೆ ಬರೆದ ಮನುಷ್ಯ ಏನು ಮಾಡುತ್ತಾರೋ ಎಂದು ನಾನು ಸೆರಗು ಹಿಂಡುತ್ತಾ ಕೂತೆ.

“ಪ್ರಣೀತಾ,” ಎಂದರು ಅವರು, ಹಿಂದೆ ತಿರುಗದೆ.

“ಅಂಕಲ್?”

“ಆ ಕೆಳಗಿನ ಅಕ್ಷರ ತಗದ ಬಿಡವಾ. ಅಣ್ಣ ಹೇಳೂದು ಕೇಳಸವಲ್ದು.”

ಪ್ರಣೀತಾ ಒಂದು ಗುಂಡಿ ಒತ್ತಿದಳು. ವಾರಗಟ್ಟಲೆಯ ಕೆಲಸ ಹೋಯಿತು. ಅವಳು ಕೈಕಟ್ಟಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಅವಳೂ ಅವ್ವಣ್ಣನ ಗಂಟಲಿನ ಕಡೆಗೇ ವಾಲಿದ್ದಳು.

ಎಷ್ಟು ಮನೆಗಳು ದಾಟಿದವೋ. ಒಬ್ಬ ಪೊಲೀಸಿನವನು ಬೆಳ್ಳಿ ಕೋಟಿನವನ ಬೆನ್ನು ಹತ್ತಿದ. ಅವ್ವಣ್ಣ ಅವನನ್ನು ದೂರದ ಸಂಬಂಧಿ ಮಾಡಿದರು: “ಗುರ್ತಾ ಹತ್ತೇದ ಅಂವಗ, ಆದ್ರ ಖಾತ್ರಿ ಇಲ್ಲ, ಅದಕ್ಕ ಹಿಂದಿಂದ ಹೊಂಟಾನ.” ಪೊಲೀಸಿನವನು ಗುಂಡು ಹಾರಿಸಿದ. “ನಿಂದ್ರೋ ಅಂತ ಕರದಾ,” ಎಂದರು ಅವ್ವಣ್ಣ.

ಗುಡ್ಡದ ಮೇಲಿನ ಮನೆ ಕಂಡಾಗ ಅವರಿಗೆ ಕೆಮ್ಮು ಬಂತು. ನಾನು ನೀರು ಕೊಟ್ಟೆ. ಕುಡಿದರೂ ಗಂಟಲು ಏಳಲಿಲ್ಲ.

“ಚಂದ್ರಾ, ನನಗ ದಮ್ಮ ಹತ್ತೇದ. ಮುಂದ ನೀ ಹೇಳೋ.”

“ನಾನಾ?”

“ಮತ್ಯಾರು? ಜನಾ ಕುಂತಾರ.”

ಗೋಡೆಯ ಮೇಲೆ ಬೆಳ್ಳಿ ಕೋಟಿನವನು ಗುಡ್ಡದ ತುದಿಯಲ್ಲಿ ನಿಂತು ಕೈಯಲ್ಲೊಂದು ಕೀಲಿ ಹಿಡಿದಿದ್ದ. ಕಿಟಕಿಯಲ್ಲಿ ಮುದುಕಿ. ಇಬ್ಬರೂ ಏನೇನೋ ಹೇಳಿಕೊಳ್ಳುತ್ತಿದ್ದರು. ಅಕ್ಷರವಿಲ್ಲದಿದ್ದರೂ, ಧ್ವನಿ ಒಡೆದಿದ್ದರೂ, ನಲವತ್ತು ವರ್ಷ ಇಂಗ್ಲಿಷು ಕೇಳಿದ ಚಂದ್ರಪ್ಪನವರ ಕಿವಿಗೆ ನಾಲ್ಕು ಮಾತಾದರೂ ಅರ್ಥವಾಗುತ್ತಿರಲೇಬೇಕು. ಅವರು ಎದ್ದು ನಿಂತರು. ಕೋರ್ಟಿನಲ್ಲಿ ನಿಂತೇ ಹೇಳಬೇಕಂತೆ. ಗಂಟಲು ಸರಿಮಾಡಿಕೊಂಡರು.

“ಅವ್ವಾ, ನಾ ಬಂದೀನಿ, ಅಂತಾನ್ರಿ,” ಎಂದರು. ಮುದುಕಿ ತುಟಿ ಆಡಿಸಿದಳು. “ಎಷ್ಟ ತಡಾ ಮಾಡಿದ್ಯೋ ಮಗನ, ಅಂತಾಳ. ಹಾದ್ಯಾಗ ಎಲ್ಲಾರ ಮನಿಗೂ ಹೋಗಿ ಬರಬೇಕಾತವ್ವಾ, ಅಂತಾನ.”

ಕೀಲಿ ತಿರುಗಿತು. ಗೋಡೆ ಪೂರ್ತಿ ಬೆಳ್ಳಗಾಯಿತು. ಹಾಳಾದ ಧ್ವನಿಯಲ್ಲೂ ಚೀರಾಟ ಸ್ಪಷ್ಟವಾಗಿ ಕೇಳಿಸಿತು. ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಸದಾನಂದರು ಮೇಲೆ ಬಂದರು.

“ಈ ಹೆಂಗಸ್ರು ಎಂತಕ್ಕೆ ಹೀಗೆ ಬೊಬ್ಬೆ ಹೊಡಿಯುದು?” ಎಂದು ಕೇಳಿದರು.

“ಖುಷೀರಿ,” ಎಂದರು ಚಂದ್ರಪ್ಪನವರು. “ಮುನ್ನೂರು ವರ್ಷ ಕತ್ತಲ್ಯಾಗ ಇದ್ರಲ್ರಿ.”

ಸದಾನಂದರು ಬೆಳ್ಳನೆಯ ಗೋಡೆಯನ್ನು ಸ್ವಲ್ಪ ನೋಡಿದರು. “ಅದು ಹೌದು. ಕರೆಂಟ್ ಬಂದ್ರೆ ನಮ್ಮ ಬಿಲ್ಡಿಂಗಲ್ಲೂ ಹಾಗೇ,” ಎಂದು ಚಹಾ ಹಂಚಿದರು.

ಪ್ರೊಜೆಕ್ಟರ್ ಆರಿತು. ಪ್ರಣೀತಾ ಮೂಗೊರೆಸಿಕೊಂಡು ತಂತಿ ಸುತ್ತುತ್ತಿದ್ದಳು. ಚಂದ್ರಪ್ಪನವರು ಕೂತು ಎರಡೂ ಕೈಯಲ್ಲಿ ಲೋಟ ಹಿಡಿದಿದ್ದರು, ಕುಡಿಯುತ್ತಿರಲಿಲ್ಲ. ಅವ್ವಣ್ಣ ಬಿಸಿ ಚಹಾವನ್ನು ಸದ್ದುಮಾಡಿ ಕುಡಿದು ಮುಗಿಸಿ, ತಮ್ಮನ ಕಡೆಗೆ ತಿರುಗಿದರು.

“ಚಂದ್ರಾ.”

“ಏನಣ್ಣಾ?”

“ಕಡೀಕ ನಿನಗೂ ಇಂಗ್ಲಿಷ್ ಬಂತು ನೋಡು.”

“ಎಲ್ಲೀದೋ ಅಣ್ಣಾ,” ಎಂದರು ಚಂದ್ರಪ್ಪನವರು. “ನಿನ್ನಷ್ಟಿಲ್ಲ.”