ಅರ್ಧಕ್ಕೆ ನಿಲ್ಲುವ ಜೋಗುಳ

"ಸೇತುವೆ ಕಾಣ್ತಿಲ್ಲ ಕಣಮ್ಮ," ಎಂದ ಒರಾಜ್‌ಬೆಕ್, ಕಣ್ಣು ಮುಚ್ಚಿಕೊಂಡೇ. "ಟ್ರ್ಯಾಕ್ಟರ್ ಕಾಣ್ತಿದೆ. ಅದರ ಹಿಂದೆ ಒಂದು ಹಸು."

ಊರ ಶಾಲೆಯಲ್ಲಿ ಸಂಗೀತ ಕಲಿಸುವ ಕುಲ್ಯಾಶ್ ಅಕಾರ್ಡಿಯನ್ನಿನ ತಿದಿ ಮುಚ್ಚಿ ಹೆಗಲ ಪಟ್ಟಿ ಸರಿಮಾಡಿಕೊಂಡಳು. ಬೆಳಗಿನಿಂದ ಇದೇ ಗೋಳು. ಕಲ್ಲಿದ್ದಲು ತೊಳೆಯುವ ಯಂತ್ರ ಕೂರಿಸಲು ಫ್ರಾನ್ಸಿನಿಂದ ಎಂಜಿನಿಯರುಗಳು ಬಂದಿಳಿದಿದ್ದರು. ನಾಳೆ ಮಧ್ಯಾಹ್ನ ಗಣಿಯ ಸಂಸ್ಕೃತಿ ಭವನದಲ್ಲಿ ಅವರಿಗೆ ಊಟ. ಅವರು ಉಣ್ಣುವಾಗ ಹಿನ್ನೆಲೆಯಲ್ಲಿ ಮೆಲ್ಲಗೆ ಪ್ಯಾರಿಸ್ಸಿನ ಗಾಳಿ ಬೀಸಬೇಕು ಎಂದು ಭವನದ ಮುಖ್ಯಸ್ಥ ಒರಾಜ್‌ಬೆಕ್ ಹಠ ಹಿಡಿದಿದ್ದ. ಆ ಊರಿನಲ್ಲಿ ಬೀಸುತ್ತಿದ್ದದ್ದು ಕಲ್ಲಿದ್ದಲ ಪುಡಿ ಹೊತ್ತ ಗಾಳಿ ಮಾತ್ರ. ಈಚೆಗಷ್ಟೇ ರಾಜಧಾನಿ ಅಲ್ಮಾ-ಅತಾದಿಂದ ವರ್ಗವಾಗಿ ಬಂದಿದ್ದ ಒರಾಜ್‌ಬೆಕ್ ಫ್ರಾನ್ಸನ್ನು ಕಂಡದ್ದು ಯಾವುದೋ ಒಂದು ಸಿನಿಮಾದಲ್ಲಿ. ನದಿ, ಸೇತುವೆ, ಒಂದೇ ಕೊಡೆಯಡಿ ಇಬ್ಬರು, ಎಲ್ಲಿಂದಲೋ ತೇಲಿಬರುವ ಅಕಾರ್ಡಿಯನ್. ಯಾವ ರಾಗ ಕೇಳಿದರೆ ಆ ಸೇತುವೆ ಕಣ್ಣಿಗೆ ಕಟ್ಟುತ್ತದೋ ಅದು ಫ್ರೆಂಚ್. ಮಿಕ್ಕಿದ್ದೆಲ್ಲ ಟ್ರ್ಯಾಕ್ಟರ್.

"ಅಗಾ," ಎಂದಳು ಕುಲ್ಯಾಶ್, ಹಿರಿಯಣ್ಣ ಎನ್ನುವ ಕಜಾಕ್ ಮಾತಿನಲ್ಲಿ. "ನಂಗೆ ಬರೋದೆಲ್ಲ ನುಡಿಸಾಯ್ತು. ಇನ್ನು ಸೇತುವೆ ನೀವೇ ಕಟ್ಟಿಸ್ಕೊಳ್ಳಿ."

"ಬಾಯಿ ಮಾತ್ರ ಜೋರು. ಯೋಚನೆ ಮಾಡು."

ಕುಲ್ಯಾಶ್ ಯೋಚನೆ ಮಾಡಿದಳು. ಅವಳು ಯೋಚಿಸುತ್ತ ಕೂತರೆ ಬೆರಳುಗಳು ಸುಮ್ಮನಿರುವುದಿಲ್ಲ. ಅಮ್ಮ ಹಾಡುತ್ತಿದ್ದ ಜೋಗುಳ ತಾನಾಗಿ ಹೊರಬಂತು. ಪದಗಳಿಲ್ಲದ, ಬರೀ ಗುನುಗುವ ಜೋಗುಳ ಅದು. ಎಡಗೈ ಗುಂಡಿಗಳು ಅದಕ್ಕೆ ಮೂರು ಪೆಟ್ಟಿನ ತೂಗು ಕೊಟ್ಟವು. ಅಮ್ಮ ನಿಲ್ಲಿಸುತ್ತಿದ್ದ ಜಾಗದಲ್ಲಿ ಇವಳೂ ನಿಲ್ಲಿಸಿದಳು.

ಒರಾಜ್‌ಬೆಕ್ ಕಣ್ಣು ಬಿಟ್ಟ. "ಕಂಡಿತು. ಕೊಡೆ ಸಮೇತ ಕಂಡಿತು. ಇದನ್ನೇ ಎರಡು ಮೂರು ಸಲ ನುಡಿಸು, ಸಾಕು."

"ಅದು ಯಾವ ರಾಗ?"

ಕೇಳಿದವನು ಕಿಟಕಿಯ ಹತ್ತಿರ ಕೂತಿದ್ದ ದೊಸಾನೋವ್. ಅವನು ಅಲ್ಲಿರುವುದನ್ನೇ ಇಬ್ಬರೂ ಮರೆತಿದ್ದರು. ಗಣಿ ಕಚೇರಿಯ ಮೂರನೇ ಮಹಡಿಯಲ್ಲಿ ಬಾಗಿಲಿಗೆ ಫಲಕವಿಲ್ಲದ ಒಂದು ಕೋಣೆಯಿತ್ತು. ಅದರಲ್ಲಿ ಕೂರುವವನು ಇವನು. ಏನು ಕೆಲಸ ಎಂದು ಯಾರೂ ಕೇಳುತ್ತಿರಲಿಲ್ಲ, ಜನರ ಮಾತನ್ನು ಮೇಲಿನವರಿಗೆ ಮುಟ್ಟಿಸುವುದೆಂದು ಎಲ್ಲರಿಗೂ ಗೊತ್ತಿತ್ತು.

"ನಮ್ಮಮ್ಮ ಹಾಡ್ತಿದ್ದ ಜೋಗುಳ," ಎಂದಳು ಕುಲ್ಯಾಶ್.

"ನಮ್ಮ ಕಜಾಕರ ಜೋಗುಳ ಇಷ್ಟು ಫ್ರೆಂಚ್ ಆಗಿ ಕೇಳಿಸುತ್ತಾ? ಚೆನ್ನಾಗಿದೆ." ದೊಸಾನೋವ್ ನಕ್ಕ. "ನಿಮ್ಮ ತಾಯಿಯವರು ಎಲ್ಲಿ ಕೆಲಸದಲ್ಲಿದ್ದರು?"

"ಮೊದಲು ಇಟ್ಟಿಗೆ ಗೂಡಲ್ಲಿ. ಆಮೇಲೆ ಶಿಶುಮಂದಿರದಲ್ಲಿ ಆಯಾ."

"ಇಟ್ಟಿಗೆ ಗೂಡಲ್ಲಿ," ಎಂದು ದೊಸಾನೋವ್ ತನಗೇ ಎಂಬಂತೆ ಹೇಳಿಕೊಂಡ.

ಕುಲ್ಯಾಶ್ ಮನೆಗೆ ಬಂದಾಗ ತಾಯಿ ಬತಿಮಾ ಹಿಟ್ಟು ನಾದುತ್ತಿದ್ದಳು. ಸೇತುವೆಯ ಕತೆಯನ್ನು ಮಗಳು ನಗುನಗುತ್ತ ಹೇಳಿದಳು. ಕೊಡೆ ಕಂಡ ಮಾತು ಬರುವ ಹೊತ್ತಿಗೆ ಬತಿಮಾಳ ಕೈ ಹಿಟ್ಟಿನಲ್ಲೇ ನಿಂತುಹೋಗಿತ್ತು. ಅವಳು ಹಿಟ್ಟಿನ ಕೈಯಲ್ಲೇ ಹೋಗಿ ಕಿಟಕಿ ಮುಚ್ಚಿದಳು, ರೇಡಿಯೋದ ಸದ್ದು ಜೋರು ಮಾಡಿದಳು.

"ಯಾರೆದುರಿಗೆ ನುಡಿಸಿದೆ?"

"ಅಗಾ ಎದುರಿಗೆ. ದೊಸಾನೋವೂ ಇದ್ದ. ಯಾಕಮ್ಮ?"

ಬತಿಮಾ ಕುರ್ಚಿಯ ತುದಿಯಲ್ಲಿ ಕೂತಳು. "ಅದು ನಮ್ಮ ಜೋಗುಳ ಅಲ್ಲ," ಎಂದಳು. "ಇಟ್ಟಿಗೆ ಗೂಡಿನಲ್ಲಿ ಯುದ್ಧಕೈದಿಗಳನ್ನ ಕೆಲಸಕ್ಕೆ ಹಚ್ಚಿದ್ರು. ಅವರಲ್ಲೊಬ್ಬ ಜರ್ಮನ್ ಸಮವಸ್ತ್ರದಲ್ಲಿ ಸಿಕ್ಕಿಬಿದ್ದವನು. ನಾನು ಜರ್ಮನ್ ಅಲ್ಲ, ಫ್ರಾನ್ಸ್‌ನೋನು, ಬಲವಂತವಾಗಿ ಸೈನ್ಯಕ್ಕೆ ಎಳ್ಕೊಂಡ್ಹೋದ್ರು ಅಂತ ಮಣ್ಣಲ್ಲಿ ಚಿತ್ರ ಬರೆದು ತೋರಿಸ್ತಿದ್ದ. ಯಾರು ಕೇಳ್ತಾರೆ. ನಾನು ಹಾಲು ಕೊಡ್ತಿದ್ದೆ. ಹಾಲು ಕೊಟ್ಟವರನ್ನೂ ಜೈಲಿಗೆ ಕರ್ಕೊಂಡು ಹೋಗ್ತಿದ್ರು ಆಗ, ಗೊತ್ತಾ ನಿಂಗೆ?"

ಕುಲ್ಯಾಶ್ ಗೋಡೆಯ ಮೇಲಿದ್ದ ಫೋಟೋ ಕಡೆ ನೋಡಿದಳು. ಸೈನಿಕನ ಟೋಪಿ, ಯುದ್ಧದಲ್ಲಿ ಸತ್ತ ಅಪ್ಪ.

"ಫೋಟೋದಲ್ಲಿರೋನು ನಿಮ್ಮಪ್ಪ ಅಲ್ಲ," ಎಂದಳು ಬತಿಮಾ. "ಅವನು ಸತ್ತ ಮೇಲೆ ಎರಡು ವರ್ಷಕ್ಕೆ ನೀನು ಹುಟ್ಟಿದ್ದು. ಹೆಸರು ಬರೆಸೋವಾಗ ಹುಟ್ಟಿದ ವರ್ಷ ಹಿಂದಕ್ಕೆ ಹಾಕಿಸಿದೆ."

ಶಾಲೆಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದದ್ದು, ಎಲ್ಲರ ಹಾಲುಹಲ್ಲು ಬಿದ್ದು ಮುಗಿದ ಮೇಲೆ ತನ್ನದು ಬೀಳಲು ಶುರುವಾದದ್ದು, ಹಳದಿ ಕೂದಲಿನವಳು ಎಂದು ಮಕ್ಕಳು ರೇಗಿಸುತ್ತಿದ್ದದ್ದು ಎಲ್ಲ ಕುಲ್ಯಾಶ್‌ಗೆ ಒಟ್ಟಿಗೆ ನೆನಪಾಯಿತು. "ಆ ಕೈದಿಯ ಹೆಸರು?" ಎಂದಳು.

"ಎದೆ ಮೇಲೆ ಕೈಯಿಟ್ಕೊಂಡು ಝಾನ್ ಅಂತಿದ್ದ. ನಮ್ಮ ಮಾತಲ್ಲಿ ಝಾನ್ ಅಂದ್ರೆ ಜೀವ ಅಲ್ವಾ? ನನ್ನನ್ನ ಜೀವ ಅಂತ ಕರೀತಿದ್ದಾನೆ ಅಂದ್ಕೊಂಡಿದ್ದೆ, ಪೆದ್ದಿ. ಅದು ಅವನ ಹೆಸರು ಅಂತ ಆಮೇಲೆ ತಿಳೀತು."

ಹುಟ್ಟಿದಾಗಿನಿಂದ ಅಮ್ಮ ತನ್ನನ್ನು ಕರೆಯುತ್ತಿದ್ದದ್ದು ಝಾನ್ ಎಂದೇ. ಊರಿನ ಎಲ್ಲ ತಾಯಂದಿರೂ ಮಕ್ಕಳನ್ನು ಹಾಗೆಯೇ ಕರೆಯುತ್ತಾರೆ ಎಂದು ಕುಲ್ಯಾಶ್ ಅದನ್ನು ಎಂದೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಅರ್ಧ ಹಾಡು ಕಲಿಸಿದ. ಮಿಕ್ಕಿದ್ದು ನಾಳೆ ಅಂತ ಕೈಸನ್ನೆ ಮಾಡಿದ. ಬೆಳಿಗ್ಗೆ ಲಾರಿ ಬಂತು, ಎಲ್ಲರನ್ನೂ ತುಂಬ್ಕೊಂಡು ಹೋಯ್ತು."

"ನಾಳೆ ನಾನು ಅದನ್ನ ನುಡಿಸಲ್ಲಮ್ಮ."

"ಬಿಟ್ರೆ ಯಾಕೆ ಬಿಟ್ಟೆ ಅಂತ ದೊಸಾನೋವ್ ಕೇಳ್ತಾನೆ," ಎಂದಳು ಬತಿಮಾ. "ನನ್ನನ್ನ ಕರ್ಕೊಂಡು ಹೋದ್ರೆ ಹೋಗಲಿ. ಶತ್ರುವಿನ ಮಗಳು ಅಂತ ನಿನ್ನ ಶಾಲೆಯಿಂದ ಓಡಿಸ್ತಾರೆ. ಹೆತ್ತ ತಪ್ಪಿಗೆ ನಾನು ಅದನ್ನೂ ನೋಡಬೇಕಾ?"

ಕಾಲ ಬದಲಾಗಿದೆ, ಈಗ ಹಾಗೆಲ್ಲ ಮಾಡುವುದಿಲ್ಲ ಎನ್ನಲು ಕುಲ್ಯಾಶ್ ಹೊರಟಳು. ಇಟ್ಟಿಗೆ ಗೂಡಲ್ಲಿ ಎಂದು ಹೇಳಿಕೊಂಡ ದೊಸಾನೋವನ ದನಿ ನೆನಪಾಯಿತು. ಎದ್ದು ಅಮ್ಮ ಬಿಟ್ಟ ಹಿಟ್ಟನ್ನು ನಾದತೊಡಗಿದಳು.

ಮರುದಿನ ಅತಿಥಿಗಳು ಬಂದರು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಕುದುರೆ ಮಾಂಸದ ತುಂಡುಗಳು, ಕರಿದ ಹಿಟ್ಟಿನುಂಡೆಗಳ ರಾಶಿ. ಕುಲ್ಯಾಶ್ ಮೂಲೆಯಲ್ಲಿ ಕೂತು ನುಡಿಸುತ್ತಿದ್ದಳು. ಮೊದಲು ಟ್ರ್ಯಾಕ್ಟರುಗಳನ್ನೇ ಒಂದೊಂದಾಗಿ ಓಡಿಸಿದಳು, ಯಾರೂ ತಲೆಯೆತ್ತಲಿಲ್ಲ. ಒರಾಜ್‌ಬೆಕ್ ದೂರದಿಂದ ಕೊಡೆ ಬಿಚ್ಚುವಂತೆ ಕೈ ಮಾಡಿದ. ಅವನ ಪಕ್ಕದಲ್ಲಿ ದೊಸಾನೋವ್ ಗಾಜಿನ ಲೋಟ ತಿರುಗಿಸುತ್ತ ಇವಳನ್ನೇ ನೋಡುತ್ತಿದ್ದ. ಕುಲ್ಯಾಶ್ ಜೋಗುಳ ಶುರುಮಾಡಿದಳು.

ಅತಿಥಿಗಳಲ್ಲಿ ಎಲ್ಲರಿಗಿಂತ ಹಿರಿಯ, ಬೋಳುತಲೆಯವನು, ಚಮಚ ಕೆಳಗಿಟ್ಟ. ತಲೆ ಓರೆಮಾಡಿ ಕೇಳಿದ. ಆಮೇಲೆ ಗುನುಗತೊಡಗಿದ. ಅರ್ಧ ಮುಗಿದು ಕುಲ್ಯಾಶ್ ಮತ್ತೆ ಮೊದಲಿಗೆ ತಿರುಗಿಕೊಂಡಳು. ಮುದುಕ ತಿರುಗಲಿಲ್ಲ, ಮುಂದಕ್ಕೆ ಹೋದ. ಅವಳು ಹುಟ್ಟಿದಾಗಿನಿಂದ ಕೇಳದಿದ್ದ ಮಿಕ್ಕ ಅರ್ಧ ಆ ಬೋಳುತಲೆಯಿಂದ ಬರುತ್ತಿತ್ತು. ಬೆರಳುಗಳು ಅವನ ಹಿಂದೆ ಓಡಲು ಹಾತೊರೆದವು. ಹಿಂದೆ ಹೋದರೆ ಸತ್ತೆ ಎಂದುಕೊಂಡು ಅವಳು ಹಲ್ಲು ಕಚ್ಚಿ ಮೊದಲ ಅರ್ಧವನ್ನೇ ಒತ್ತಿ ಒತ್ತಿ ನುಡಿಸಿದಳು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಮೇಜಿನ ಸುತ್ತ ಮಾತು ನಿಂತಿತು.

ಮುದುಕ ದುಭಾಷಿ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದ. ಅವಳು ಗಟ್ಟಿಯಾಗಿ ಹೇಳಿದಳು: "ಇದು ಇವರ ಊರಿನ ಕಡೆಯ ಹಾಡಂತೆ. ಗಡಿಯ ನಾಲ್ಕೈದು ಹಳ್ಳಿ ಬಿಟ್ಟರೆ ಫ್ರಾನ್ಸಲ್ಲೇ ಯಾರಿಗೂ ಗೊತ್ತಿಲ್ವಂತೆ. ಇಲ್ಲಿಗೆ ಹೇಗೆ ಬಂತು ಅಂತ ಕೇಳ್ತಿದ್ದಾರೆ."

ದೊಸಾನೋವ್ ಲೋಟ ತಿರುಗಿಸುವುದನ್ನು ನಿಲ್ಲಿಸಿದ.

ರೇಡಿಯೋದಲ್ಲಿ ಕೇಳಿದೆ ಎಂದು ಕುಲ್ಯಾಶ್ ಹೇಳುವಂತಿರಲಿಲ್ಲ. ಅಮ್ಮನದು ಎಂದು ನಿನ್ನೆಯೇ ಹೇಳಿ ಕೂತಿದ್ದಳು. "ನಮ್ಮ ಜೋಗುಳ ಇದು," ಎಂದಳು ಕೊನೆಗೆ. "ನಮ್ಮೂರಿನ ಮಕ್ಕಳೆಲ್ಲ ಇದಕ್ಕೇ ಮಲಗೋದು."

"ಹೌದಾ?" ಎಂದ ದೊಸಾನೋವ್, ಯಾರ ಕಡೆಗೂ ನೋಡದೆ. "ನಾನು ಕೇಳಿಯೇ ಇಲ್ಲ."

"ನೀವು ನಮ್ಮೂರಲ್ಲಿ ಮಲಗಿದ್ರೆ ತಾನೆ ಕೇಳೋದು," ಎಂದಳು ಚಹಾ ಹಿಡಿದು ನಿಂತಿದ್ದ ಬಡಿಸುವ ಹೆಂಗಸೊಬ್ಬಳು. ಅಂದಮೇಲೆ ಅವಳಿಗೇ ಹೆದರಿಕೆಯಾಗಿ ಕೆಟಲಿನ ಹಿಂದೆ ಮುಖ ಮರೆಸಿಕೊಂಡಳು. "ನಮ್ಮನೇಲೂ ಇದನ್ನೇ ಹಾಡೋದು. ಶಿಶುಮಂದಿರದಲ್ಲಿ ಬತಿಮಾ ಆಯಾ ಮಲಗಿಸ್ತಿದ್ರಲ್ಲ, ನಮ್ಮನ್ನೆಲ್ಲ."

ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಮೆಲ್ಲಗೆ ಗುನುಗಿದಳು. ಇನ್ನೊಬ್ಬಳು ಸೇರಿದಳು. ಮೇಜಿನ ಕೊನೆಯಲ್ಲಿದ್ದ ಗಣಿಯ ಫೋರ್ಮನ್ ಕೂಡ, ಅಷ್ಟು ದಪ್ಪನೆಯ ಆಳು, ಮೀಸೆಯೊಳಗೇ ಗುನುಗಿದ. ಅರ್ಧ ಬಂದೊಡನೆ ಎಲ್ಲರೂ ಒಂದೇ ಜಾಗದಲ್ಲಿ ನಿಂತರು. ಅಲ್ಲಿಂದಾಚೆ ಯಾರಿಗೂ ಬರುತ್ತಿರಲಿಲ್ಲ.

ಒರಾಜ್‌ಬೆಕ್ ಎದ್ದು ನಿಂತು ಲೋಟ ಎತ್ತಿದ. ಸ್ನೇಹಕ್ಕೆ ಸೇತುವೆಯೇ ಬೇಡ, ತೊಟ್ಟಿಲು ಸಾಕು ಎಂದೇನೋ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಸಾನೋವೂ ತಟ್ಟಿದ. ಆದರೆ ಹೊರಡುವಾಗ ಅವನು ಕುಲ್ಯಾಶ್‌ಳ ಕೂದಲನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದ.

ಮನೆಯ ಬಾಗಿಲ ಪಕ್ಕದಲ್ಲಿ ಬತಿಮಾ ಕೋಟು ತೊಟ್ಟು ಕೂತಿದ್ದಳು. ಕಾಲ ಬಳಿ ಒಂದು ಗಂಟು, ಕರೆದೊಯ್ಯಲು ಬಂದರೆ ಜೈಲಿಗೆಂದು ಕಟ್ಟಿದ್ದು. ಅದರಲ್ಲಿ ಉಣ್ಣೆಯ ಕಾಲುಚೀಲ, ಒಣಗಿಸಿದ ರೊಟ್ಟಿ ಚೂರುಗಳು, ಸೋಪು. ಮೇಜಿನ ಮೇಲೆ ಬೆಳಗಿನ ಚಹಾ ಹಾಗೇ ಇತ್ತು.

"ಎಲ್ಲಿಯ ಹಾಡು ಅಂತ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ," ಎಂದು ಸುಳ್ಳಾಡಿದಳು ಕುಲ್ಯಾಶ್. "ಊರಿಗೆ ಊರೇ ಹಾಡ್ತು, ನಿನ್ನ ಜೋಗುಳ ಅಂತ."

ಬತಿಮಾ ಕೋಟಿನ ಗುಂಡಿ ಬಿಚ್ಚಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಮಗಳು ಕಿಟಕಿ ಮುಚ್ಚಿದಳು, ರೇಡಿಯೋ ಜೋರು ಮಾಡಿದಳು, ಅಮ್ಮನ ಪಕ್ಕ ಮೊಣಕಾಲೂರಿ ಕಿವಿಯ ಹತ್ತಿರ ಬಾಯಿಟ್ಟಳು. ಮೊದಲ ಅರ್ಧ ಗುನುಗಿದಳು. ನಿಲ್ಲಿಸುವ ಜಾಗ ಬಂತು. ನಿಲ್ಲಿಸದೆ ಮುದುಕ ಹೋದ ದಾರಿಯಲ್ಲೇ ಮುಂದೆ ಹೋದಳು. ಎರಡು ಕಡೆ ತಪ್ಪಿದಳು, ತಿದ್ದಿಕೊಂಡಳು.

"ಮುಗೀತಾ?" ಎಂದಳು ಬತಿಮಾ.

"ಮುಗೀತಮ್ಮ. ಅಷ್ಟೇ ಅದು."

ಬತಿಮಾ ಬಗ್ಗಿ ಗಂಟು ಬಿಚ್ಚಿದಳು, ಒಂದು ಚೂರು ಒಣರೊಟ್ಟಿ ತೆಗೆದು ತಣ್ಣಗಾದ ಚಹಾದಲ್ಲಿ ಅದ್ದಿದಳು.